ಮನೆ ಪಾಲಾದರೂ ಬೆನ್ನು ಬಿಡದ ಸಮೀಕ್ಷೆ

ದುಡಿಯಲು ಸಿದ್ಧರಿರುವ ನೂರು ಜನರಲ್ಲಿ ಹತ್ತು ಮಂದಿಗೆ ಕೆಲಸವಿಲ್ಲ ಎಂದು ಈ ವರ್ಷದ ಸಮೀಕ್ಷೆ ಹೇಳಿತು ಎಂದುಕೊಳ್ಳೋಣ. ಆರು ವರ್ಷ ಬಿಟ್ಟು ಕೇಳಿದರೂ ಹತ್ತೇ ಮಂದಿ. ಆದರೆ ಆ ಹತ್ತು ಮಂದಿ ಯಾರು? ಮೆಜೆಸ್ಟಿಕ್‌ನಿಂದ ಹೊರಟ ಬಸ್ಸಿನಲ್ಲಿ ಪ್ರತಿ ಸ್ಟಾಪಿನಲ್ಲೂ ಹತ್ತು ಜನ ನಿಂತೇ ಇದ್ದರೆ, ಅದೇ ಹತ್ತು ಜನ ಕೊನೆಯವರೆಗೂ ನಿಂತು ಬಂದರೋ, ನಿಂತವರಿಗೆ ಸೀಟು ಸಿಕ್ಕು ಹೊಸಬರು ಹತ್ತಿದರೋ ಎಂಬುದು ತಲೆ ಎಣಿಸಿದರೆ ತಿಳಿಯುವುದಿಲ್ಲ. ಕೆಲವರು ವರ್ಷಗಟ್ಟಲೆ ಕೆಲಸವಿಲ್ಲದೆ ಕೊಳೆಯುವ ದೇಶಕ್ಕೂ, ಬಹಳ ಜನ ಸ್ವಲ್ಪ ಸ್ವಲ್ಪ ದಿನ ಕೆಲಸ ಹುಡುಕುವ ದೇಶಕ್ಕೂ ಸರ್ಕಾರ ಮಾಡಬೇಕಾದ ಕೆಲಸ ಬೇರೆ ಬೇರೆ. ಯಾವುದು ನಿಜ ಎಂದು ತಿಳಿಯಬೇಕಾದರೆ ಅದೇ ಮನೆಗಳನ್ನು ವರ್ಷಗಳ ಮೇಲೆ ಮತ್ತೆ ಹುಡುಕಿಕೊಂಡು ಹೋಗಬೇಕು. ಇದಕ್ಕೆ ಪ್ಯಾನೆಲ್ ಸಮೀಕ್ಷೆ ಎನ್ನುತ್ತಾರೆ.

ಈ ಕೆಲಸವನ್ನು ಪಟ್ಟುಹಿಡಿದು ಮಾಡಿಕೊಂಡು ಬಂದ ದೇಶಗಳಲ್ಲಿ ಈಜಿಪ್ಟ್ ಒಂದು. 1998ರಲ್ಲಿ ಅಲ್ಲಿನ ಸರ್ಕಾರಿ ಅಂಕಿಅಂಶ ಸಂಸ್ಥೆ ಕ್ಯಾಪ್ಮಾಸ್ ಮತ್ತು ಕೈರೋದ ಎಕನಾಮಿಕ್ ರಿಸರ್ಚ್ ಫೋರಂ ಸೇರಿ 4,816 ಮನೆಗಳಲ್ಲಿ ವಿವರ ಬರೆದುಕೊಂಡವು. ಮೊದಲಿನಿಂದಲೂ ಇದನ್ನು ಮುನ್ನಡೆಸಿದವರು ಅರ್ಥಶಾಸ್ತ್ರಜ್ಞ ರಾಗಿ ಅಸ್ಸಾದ್. 2006, 2012, 2018 ಮತ್ತು 2023ರಲ್ಲಿ ಮರುಭೇಟಿಗಳು ನಡೆದವು. 2018ರ ಸುತ್ತಿನಲ್ಲಿ 15,746 ಮನೆಗಳು, 61,231 ಜನ.

ಮನೆಗಳು ಹೀಗೆ ಹೆಚ್ಚುತ್ತ ಹೋದದ್ದರಲ್ಲೇ ಈ ಸಮೀಕ್ಷೆಯ ಸತ್ವವಿದೆ. ಎಂಟು ವರ್ಷದಲ್ಲಿ ಮಗಳು ಮದುವೆಯಾಗಿ ಹೋಗಿರುತ್ತಾಳೆ, ಕಿರಿಯವನು ಬೇರೆ ಒಲೆ ಹೂಡಿರುತ್ತಾನೆ, ಹಿರಿಯವನು ಅಲೆಕ್ಸಾಂಡ್ರಿಯಾದಲ್ಲಿ ಕೆಲಸ ಹಿಡಿದಿರುತ್ತಾನೆ. ಹಳೆಯ ವಿಳಾಸಕ್ಕೆ ಹೋಗಿ ಅಲ್ಲಿ ಉಳಿದವರನ್ನಷ್ಟೇ ಮಾತಾಡಿಸಿ ಬಂದರೆ ಸಿಗುವುದು ಹೆಚ್ಚಾಗಿ ವಯಸ್ಸಾದವರ ಕಥೆ. ಹೊಸದಾಗಿ ಕೆಲಸಕ್ಕೆ ಸೇರಿದವರು, ಕೆಲಸ ಬಿಟ್ಟವರು, ಊರು ಬದಲಿಸಿದವರೆಲ್ಲ ಆ ಬಾಗಿಲು ದಾಟಿ ಹೋದವರೇ. ಅದಕ್ಕಾಗಿ ಈಜಿಪ್ಟಿನವರು ಒಂದು ನಿಯಮ ಮಾಡಿಕೊಂಡರು: ಮನೆಯಿಂದ ಬೇರೆಯಾದವರ ಹೊಸ ವಿಳಾಸ ಕೇಳಿ ಅಲ್ಲಿಗೂ ಹೋಗುವುದು, ಆ ಹೊಸ ಮನೆಯವರನ್ನೆಲ್ಲ ಲೆಕ್ಕಕ್ಕೆ ಸೇರಿಸಿಕೊಳ್ಳುವುದು. 2006ರಲ್ಲಿ ಹಳೆಯ ಮನೆಗಳಲ್ಲಿ 3,684 ಸಿಕ್ಕವು. ಅವುಗಳಿಂದ ಬೇರೆಯಾದ ಮನೆಗಳೇ 2,167. ದೇಶದ ಜನಸಂಖ್ಯೆ ಬದಲಾಗಿರುವುದರಿಂದ ಹಳೆಯ ಮಾದರಿಯೊಂದೇ ಸಾಲದೆಂದು 2,498 ಹೊಸ ಮನೆಗಳನ್ನೂ ಆರಿಸಿಕೊಂಡರು.

ಹಾಗಾದರೆ 1998ರ ಸುಮಾರು ಸಾವಿರದ ನೂರು ಮನೆಗಳು ಏನಾದವು? ಕಳೆದುಹೋದವು. ಪ್ಯಾನೆಲ್ ಸಮೀಕ್ಷೆ ಮಾಡುವವರ ದೊಡ್ಡ ತಲೆನೋವು ಇದೇ. ಎಷ್ಟು ಮನೆ ಕಳೆದವು ಎಂಬುದಕ್ಕಿಂತ ಯಾಕೆ ಕಳೆದವು ಎಂಬುದು ಇಲ್ಲಿ ಮುಖ್ಯ. 1998ರ ಮನೆಗಳ ವಿಷಯದಲ್ಲಿ ಬಹುಪಾಲು ಕಾರಣ, ಮನೆಯ ಗುರುತು ಬರೆದಿದ್ದ ಕಡತಗಳೇ ಕಾಣೆಯಾದದ್ದು. ಕಡತ ಕಳೆಯುವಾಗ ಬಡವ ಬಲ್ಲಿದ ನೋಡುವುದಿಲ್ಲವಾದ್ದರಿಂದ ಉಳಿದ ಮನೆಗಳ ಚಿತ್ರ ಅಷ್ಟಾಗಿ ಕೆಡಲಿಲ್ಲ. ಕೆಲಸ ಹುಡುಕಿಕೊಂಡು ಊರು ಬಿಟ್ಟದ್ದರಿಂದಲೇ ಮನೆಗಳು ಕೈತಪ್ಪಿದ್ದರೆ ಮಾತು ಬೇರೆ. ಆಗ ಯಾರ ಬದುಕನ್ನು ತಿಳಿಯಬೇಕಿತ್ತೋ ಅವರೇ ಪಟ್ಟಿಯಿಂದ ಹೊರಗೆ. ಇಂಥ ಕಡೆ ಕಾಣೆಯಾದವರನ್ನು ಹೋಲುವ, ಆದರೆ ಕೈಗೆ ಸಿಕ್ಕಿದ ಮನೆಗಳಿಗೆ ಲೆಕ್ಕದಲ್ಲಿ ಹೆಚ್ಚು ತೂಕ ಕೊಟ್ಟು ಸರಿದೂಗಿಸುತ್ತಾರೆ. ಅದು ಒಂದು ಮಟ್ಟಿಗಷ್ಟೇ ಸಾಧ್ಯ.

ಕೇಳುವ ರೀತಿಯೂ ಅಷ್ಟೇ ಮುಖ್ಯ. ನೈಲ್ ಬಯಲಿನ ಹಳ್ಳಿಯ ಗೃಹಿಣಿಯನ್ನು "ನೀವು ಕೆಲಸ ಮಾಡ್ತೀರಾ?" ಎಂದು ಕೇಳಿದರೆ "ಇಲ್ಲ, ಮನೇಲೇ ಇರ್ತೀನಿ" ಎನ್ನುವುದು ಸಹಜ. ಅಲ್ಲಿಗೇ ಪೆನ್ನು ಎತ್ತಿದರೆ ಆಕೆ ಕೆಲಸವಿಲ್ಲದವರ ಕಾಲಂಗೆ ಬೀಳುತ್ತಾರೆ. ಈ ಸಮೀಕ್ಷೆ ಹಾಗೆ ಬಿಡದೆ ಒಂದೊಂದೇ ಕೆಲಸದ ಹೆಸರು ಹಿಡಿದು ಕೇಳುತ್ತದೆ: ದನ ಕರು ನೋಡಿಕೊಂಡಿರಾ, ಕೋಳಿ ಸಾಕಿದ್ದೀರಾ, ಬೆಣ್ಣೆ ತುಪ್ಪ ಮಾಡಿದಿರಾ, ಅದು ಮಾರುವುದಕ್ಕೋ ಮನೆ ಬಳಕೆಗೋ? ಸುತ್ತಿನಿಂದ ಸುತ್ತಿಗೆ ಈ ಪ್ರಶ್ನೆಗಳು ಬದಲಾದರೆ ಹೆಂಗಸರ ದುಡಿಮೆ ಕಾಗದದ ಮೇಲೆ ಏರಿ ಇಳಿಯುತ್ತದೆ, ಹೊಲದಲ್ಲಿ ಕೊಟ್ಟಿಗೆಯಲ್ಲಿ ಏನೂ ಬದಲಾಗಿರುವುದಿಲ್ಲ. ಹಳೆಯ ಪ್ರಶ್ನೆಯನ್ನು ಹಳೆಯ ಮಾತುಗಳಲ್ಲೇ ಕೇಳುವ ಶಿಸ್ತಿಗೆ ಅದಕ್ಕೇ ಅಷ್ಟು ಬೆಲೆ.

ಅದೇ ಹೆಣ್ಣುಮಗಳನ್ನು ಮದುವೆಗೆ ಮುಂಚೆ ಮತ್ತು ಆಮೇಲೆ ನೋಡಲು ಸಾಧ್ಯವಾದಾಗ ಒಂದು ದೊಡ್ಡ ಸಂಗತಿ ಹೊರಬಿತ್ತು. ಸರ್ಕಾರಿ ನೌಕರಿಯಲ್ಲಿದ್ದವರು ಮದುವೆಯಾದ ಮೇಲೂ ಹೆಚ್ಚಾಗಿ ಕೆಲಸದಲ್ಲೇ ಉಳಿದರು. ಖಾಸಗಿ ಕಂಪನಿ, ಅಂಗಡಿಗಳಲ್ಲಿ ಸಂಬಳಕ್ಕಿದ್ದ ಬಹಳಷ್ಟು ಮಂದಿ ಮದುವೆಯ ಹೊತ್ತಿಗೆ ಬಿಟ್ಟರು. 1960ರ ದಶಕದಿಂದ ಈಜಿಪ್ಟ್ ಪದವೀಧರರಿಗೆ ಸರ್ಕಾರಿ ಕೆಲಸದ ಭರವಸೆ ಕೊಟ್ಟಿತ್ತು. ಆ ಭರವಸೆ ಸವೆಯುತ್ತ ಬಂದ ಕಾಲದಲ್ಲಿ ಓದಿದ ಹುಡುಗಿಯರಿಗೆ ಆದ ನಷ್ಟ ಎಂಥದು ಎಂಬುದನ್ನು ನಿರುದ್ಯೋಗದ ಶೇಕಡಾವಾರು ಅಂಕಿ ತೋರಿಸಲಾರದು. ಮನೆಯಲ್ಲಿ ಕೂತು ಹುಡುಕುವುದನ್ನೇ ನಿಲ್ಲಿಸಿದವರನ್ನು ಆ ಅಂಕಿ ನಿರುದ್ಯೋಗಿ ಎಂದೂ ಕರೆಯುವುದಿಲ್ಲ.

2011ರ ಜನವರಿಯ ದಂಗೆಯ ನಂತರ, 2012ರ ಸುತ್ತಿನಲ್ಲೂ ಹೀಗೇ ಆಯಿತು. ಈ ಸಮೀಕ್ಷೆಯ ಪ್ರಕಾರ ನಿರುದ್ಯೋಗ ಅಷ್ಟೇನೂ ಏರಿರಲಿಲ್ಲ. ಕೆಟ್ಟದ್ದು ಕೆಲಸದ ಗುಣ: ಇಂದುಂಟು ನಾಳೆಯಿಲ್ಲ ಎಂಬಂಥ ಕೂಲಿಯವರು ಹೆಚ್ಚಾಗಿದ್ದರು. ಬಡವರಿಗೆ ಕೆಲಸವಿಲ್ಲದೆ ಕೂತಿರುವ ಅನುಕೂಲ ಇರುವುದಿಲ್ಲ. ಸಿಕ್ಕಿದ್ದನ್ನು ಮಾಡುತ್ತಾರೆ.

ಅಷ್ಟು ಕಷ್ಟವೇಕೆ, ಒಂದೇ ಸಲ ಕೂರಿಸಿ ಹಳೆಯದನ್ನೆಲ್ಲ ಕೇಳಬಾರದೇ ಎನ್ನಬಹುದು. ಅದನ್ನೂ ಕೇಳುತ್ತಾರೆ. ಜನ ಹೇಳಿದ ನೆನಪನ್ನು ಅವರೇ ಹಿಂದಿನ ಸುತ್ತಿನಲ್ಲಿ ಕೊಟ್ಟ ಉತ್ತರದ ಪಕ್ಕ ಇಟ್ಟು ನೋಡಿದ್ದಾರೆ. ದೀರ್ಘಕಾಲ ಮಾಡಿದ ನೌಕರಿ ಚೆನ್ನಾಗಿ ನೆನಪಿರುತ್ತದೆ, ಕೆಲಸವಿಲ್ಲದೆ ಅಲೆದ ತಿಂಗಳುಗಳು ಜಾರಿಹೋಗಿರುತ್ತವೆ.

ನಮ್ಮಲ್ಲೂ ಇದರ ಬೇರೆ ಬೇರೆ ರೂಪಗಳಿವೆ. 2017ರಲ್ಲಿ ಶುರುವಾದ, ದುಡಿಮೆಯ ಲೆಕ್ಕ ಹಿಡಿಯುವ ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಸಮೀಕ್ಷೆ ನಗರದ ಒಂದೊಂದು ಮನೆಗೂ ನಾಲ್ಕು ಸಲ ಹೋಗುತ್ತಿತ್ತು. 2025ರ ಜನವರಿಯಿಂದ ಹಳ್ಳಿಗಳಿಗೂ ಮರುಭೇಟಿ ಬಂದಿದೆ, ಆದರೆ ನಾಲ್ಕೂ ಭೇಟಿ ನಾಲ್ಕು ತಿಂಗಳೊಳಗೆ ಮುಗಿಯುತ್ತವೆ. 2004–05ರಲ್ಲಿ 41,554 ಮನೆಗಳಿಂದ ಹೊರಟ ಇಂಡಿಯಾ ಹ್ಯೂಮನ್ ಡೆವಲಪ್‌ಮೆಂಟ್ ಸರ್ವೇ 2011–12ರಲ್ಲಿ ಅವುಗಳಲ್ಲಿ ನೂರಕ್ಕೆ 83ನ್ನು ಮತ್ತೆ ಹಿಡಿಯಿತು. ಇಷ್ಟು ದೊಡ್ಡ ದೇಶದಲ್ಲಿ ಅದು ಸಣ್ಣ ಸಾಧನೆಯಲ್ಲ. ಆದರೆ ಬೇರೆಯಾದ ಮನೆಗಳನ್ನು ಅದು ಅದೇ ಊರಿನೊಳಗೆ ಮಾತ್ರ ಹುಡುಕಿತು.

ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಹೊರಟವರು ಈ ಬಲೆಗೆ ಬೀಳುವುದು ಕಷ್ಟ. ಗಣತಿದಾರರು ಊರಿಗೆ ಹೋದಾಗ ಮನೆಗೆ ಬೀಗ, ಬೆಂಗಳೂರಿನಲ್ಲಿ ಅವರಿರುವುದು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಅವರನ್ನು ಹಿಂಬಾಲಿಸುವ ವಿದ್ಯೆ ಹೊಸದೇನಲ್ಲ. ಮೊದಲ ಭೇಟಿಯಲ್ಲೇ ಇಬ್ಬರು ಮೂವರು ನೆಂಟರ, ನೆರೆಯವರ ಫೋನ್ ನಂಬರ್ ಬರೆದುಕೊಂಡು, ಎರಡು ಸುತ್ತುಗಳ ನಡುವೆ ಆಗಾಗ ಕರೆ ಮಾಡುತ್ತಿದ್ದರೆ ಬಹಳ ಮಂದಿಯ ಜಾಡು ಸಿಗುತ್ತದೆ. ಖರ್ಚು ಹೆಚ್ಚು, ನಿಜ. ಆದರೆ ಕೈಯಾಳಾಗಿ ಬಂದ ಹುಡುಗ ಹತ್ತು ವರ್ಷದಲ್ಲಿ ಮೇಸ್ತ್ರಿಯಾದನೋ ಕೈಯಾಳಾಗಿಯೇ ಉಳಿದನೋ, ಜೊತೆಗೆ ಇಟ್ಟಿಗೆ ಹೊತ್ತ ಹೆಂಡತಿಯ ಕೂಲಿ ಎಷ್ಟು ಏರಿತು, ಅವರ ಮಕ್ಕಳು ಯಾವ ತರಗತಿಯಲ್ಲಿ ಶಾಲೆ ಬಿಟ್ಟರು ಎಂಬುದನ್ನು ನಂಬುವಂತೆ ಹೇಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.