ಕೆಸರು ದಾರಿಗೆ ಎರಡು ಗಾಡಿ

ಶಿವಮೊಗ್ಗದ ವಿನೋಬನಗರದಲ್ಲಿ ನೂರಡಿ ರಸ್ತೆಯಿಂದ ಒಳಕ್ಕೆ ತಿರುಗಿ ಒಂದೆರಡು ಅಡ್ಡರಸ್ತೆ ದಾಟಿದರೆ, ಮನೆಯ ಕಾಂಪೌಂಡಿಗೇ ತಗಡಿನ ಮಾಡು ಇಳಿಸಿಕೊಂಡ ಸಣ್ಣ ಗ್ಯಾರೇಜು ಸಿಗುತ್ತದೆ. ಬೋರ್ಡಿಲ್ಲ. ಪೊಲೀಸ್ ಚೌಕಿ ಕಡೆಯಿಂದ ನಡೆದು ಬರುವವರಿಗೆ ಭಾನುವಾರ ಬೆಳಿಗ್ಗೆ ಮೂಗೇ ದಾರಿ ಹೇಳುತ್ತದೆ. ಮೊದಲು ಪೆಟ್ರೋಲಿನಲ್ಲಿ ತೊಳೆದ ಕಬ್ಬಿಣದ ಘಾಟು, ಅದರ ಬೆನ್ನಿಗೆ ಸುಟ್ಟ ಟೂ-ಟಿ ಆಯಿಲಿನ ಸಿಹಿ ಬೆರೆತ ಹೊಗೆ, ಇವೆರಡರ ನಡುವೆ ಎಲ್ಲಿಂದಲೋ ನುಸುಳಿ ಬರುವ ಒಗ್ಗರಣೆಯ ವಾಸನೆ. ಆಷಾಢದ ಮಳೆ ರಾತ್ರಿಯೆಲ್ಲ ಸುರಿದು ಈಗಷ್ಟೇ ಬಿಟ್ಟಿದೆ. ಮಾಡಿನ ಅಂಚಿನಿಂದ ತೊಟ್ಟಿಕ್ಕುವ ನೀರು ಹಳೆಯ ಟೈರಿನೊಳಗೆ ಬಿದ್ದು ಟಪ್ ಟಪ್ ಅನ್ನುತ್ತಿದೆ.

ಒಳಗೆ ಎರಡು ಗಾಡಿಗಳು ಅಕ್ಕಪಕ್ಕ ನಿಂತಿವೆ. ಒಂದು ಯೆಜ್ಡಿ ರೋಡ್‌ಕಿಂಗ್. ಮುಂದಿನ ಮಡ್‌ಗಾರ್ಡ್ ಬಿಚ್ಚಿ ಮೇಲಕ್ಕೆ ಏರಿಸಿ ಕಟ್ಟಿದ್ದಾರೆ, ಹಿಂದಕ್ಕೆ ಗುಬುಟು ಗುಬುಟಾದ ಟೈರು ಹಾಕಿದ್ದಾರೆ. ಟ್ಯಾಂಕಿನ ಕೆಂಪು ಬಣ್ಣ, ಸವಾರನ ಮೊಣಕಾಲು ಉಜ್ಜಿದ ಎರಡೂ ಕಡೆ, ತಗಡಿನ ತನಕ ಸವೆದಿದೆ. ಇನ್ನೊಂದು ಹೀರೋ ಎಕ್ಸ್‌ಪಲ್ಸ್. ನೀಳ ಕಾಲು, ಎತ್ತರದ ಸೀಟು, ಸಪೂರ ಮೈ. ಹಿಂದಿನ ದಿನ ಹೊಸನಗರದಿಂದ ಬಂದ ಕೆಮ್ಮಣ್ಣು ಅದರ ಎಂಜಿನ್ನಿನ ತಳದಲ್ಲಿ ಒಣಗಿ ಬಿರುಕು ಬಿಟ್ಟಿದೆ. ಎರಡೂ ಒಂದೇ ಮನೆಯ ಗಾಡಿಗಳು. ಒಂದು ಅಪ್ಪಯ್ಯನದು, ಇನ್ನೊಂದು ಮಗನದು.

ಮೇಸ್ತ್ರಿ ಕುಕ್ಕರಗಾಲಿನಲ್ಲಿ ಕೂತು ಯೆಜ್ಡಿಯ ಹೆಡ್ ಬಿಚ್ಚಿದ್ದಾರೆ. ಮಾತು ಕಡಿಮೆ. ರಿಂಗ್ ಸ್ಪ್ಯಾನರ್ ತಿರುಗುವ ಕಿರ್ ಕಿರ್, ನಟ್ಟು ತಗಡಿನ ಡಬ್ಬಿಗೆ ಬೀಳುವ ಟಣ್, ಮತ್ತೆ ಮೌನ. ಹೆಡ್ಡಿನ ಒಳಮೈಗೆ ಅಂಟಿದ ಕರಿಯನ್ನು ದೋಸೆ ಹೆಂಚಿನ ಕರಕು ತೆಗೆದ ಹಾಗೆ ಮೆಲ್ಲಗೆ ಕೆರೆಯುತ್ತಾರೆ. ಕೆಳಗೆ ಬಿದ್ದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಪುಡಿ ಒಣಗಿದ್ದರೆ ಒಂದು ಅರ್ಥ, ಜಿಡ್ಡಾಗಿದ್ದರೆ ಇನ್ನೊಂದು. ಸಿಲಿಂಡರನ್ನು ಎತ್ತಿ ಬೆಳಕಿಗೆ ಹಿಡಿದಾಗ ನಾವೂ ಬಗ್ಗಿ ನೋಡಬೇಕು: ಒಳಗೋಡೆಯಲ್ಲಿ ಕಿಟಕಿಗಳ ಥರ ಕೊರೆದ ತೂತುಗಳು ಕಾಣುತ್ತವೆ. ಗಾಳಿ ಮತ್ತು ಪೆಟ್ರೋಲು ಬರುವುದಕ್ಕೆ ಒಂದಿಷ್ಟು, ಹೊಗೆ ಹೋಗುವುದಕ್ಕೆ ಒಂದಿಷ್ಟು. ಅವನ್ನು ತೆರೆದು ಮುಚ್ಚುವ ಕೆಲಸವೂ ಪಿಸ್ಟನ್ನಿನದೇ. ವಾಲ್ವಿಲ್ಲ, ಕ್ಯಾಮಿಲ್ಲ, ಅವನ್ನು ತಿರುಗಿಸುವ ಚೈನೂ ಇಲ್ಲ. ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಈ ಟೂ ಸ್ಟ್ರೋಕಿನ ಒಂದು ಸುತ್ತು ಕೆಲಸ ಮುಗಿಯಿತು. ಫೋರ್ ಸ್ಟ್ರೋಕಿಗೆ ಅಷ್ಟೇ ಕೆಲಸಕ್ಕೆ ಎರಡು ಸಲ ಓಡಾಡಬೇಕು. ಯೆಜ್ಡಿಯ ಆ ಗಟ್ಟಿ ಎಳೆತದ ಮೂಲ ಇಲ್ಲೇ ಇದೆ. ಇದ್ದದ್ದು ಒಂದೇ ಸಿಲಿಂಡರ್, ಆದರೆ ಹೊಗೆ ಹೋಗಲು ಎರಡು ದಾರಿ. ಹಾಗಾಗಿ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್.

ಈ ಎಂಜಿನ್ನು ಹುಟ್ಟಿದ್ದು ನಮ್ಮದೇ ಮೈಸೂರಿನಲ್ಲಿ. 1960ರಲ್ಲಿ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಅದಕ್ಕೆ ಜಯಚಾಮರಾಜೇಂದ್ರ ಒಡೆಯರ ಬೆಂಬಲವಿತ್ತು. ಮರುವರ್ಷವೇ ಗಾಡಿಗಳು ಹೊರಬಂದವು. ಮೊದಲು ಜೆಕೊಸ್ಲೊವಾಕಿಯಾದ ಜಾವಾ ಹೆಸರು, ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರು, 1978ರಲ್ಲಿ ಈ ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ರೋಡ್‌ಕಿಂಗನ್ನು ಯಾರೂ ಕೆಸರಿನ ಗಾಡಿ ಎಂದು ಮಾರಲಿಲ್ಲ. ಹೆಸರಲ್ಲೇ ರೋಡಿದೆ. ಆದರೆ ಮಲೆನಾಡಿನಲ್ಲಿ ರೋಡೇ ಇಲ್ಲದ ಕಾಲದಲ್ಲಿ, ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳಿಗೆ ಹೋಗುವ ಕೊರಕಲು ದಾರಿಗಳಲ್ಲಿ ಹಿಂಡಿ ಮೂಟೆ, ಹಾಲಿನ ಕ್ಯಾನು, ಕೊನೆಗೊಮ್ಮೆ ಮನೆಮಂದಿಯನ್ನೂ ಹೊತ್ತು ಇದು ತಾನಾಗಿಯೇ ಕೆಸರಿನ ಗಾಡಿಯಾಯಿತು.

ರಕ್ತದಲ್ಲಂತೂ ಕೆಸರು ಇತ್ತೇ ಇತ್ತು. ಜಾವಾದ ಒಡಹುಟ್ಟಿದ ಕಂಪನಿ ಚೆಜೆಟ್. ಅದರ 250 ಸಿಸಿ ಟೂ ಸ್ಟ್ರೋಕ್ ಗಾಡಿಯ ಮೇಲೆ ಬೆಲ್ಜಿಯಂನ ಹುಡುಗ ಜೋಯೆಲ್ ರೋಬೆರ್ 1964ರಲ್ಲಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ. ಆಗ ಅವನಿಗೆ ಇಪ್ಪತ್ತೇ ವರ್ಷ. ಆ ಕಾಲದ ಚೆಜೆಟ್ ರೇಸ್ ಗಾಡಿಗೂ ಒಂದು ಸಿಲಿಂಡರಿಗೆ ಎರಡು ಹೊಗೆಕೊಳವೆ ಇದ್ದವು. 1968 ಮತ್ತು 1969ರಲ್ಲೂ ಅದೇ ಕಂಪನಿಯ ಗಾಡಿಯಲ್ಲಿ ಗೆದ್ದ ರೋಬೆರ್, 1970ರಿಂದ ಸತತ ಮೂರು ಪ್ರಶಸ್ತಿಗಳನ್ನು ಸುಜುಕಿಯ ಮೇಲೆ ಪಡೆದ. ಅಲ್ಲಿಂದ ಮುಂದೆ ದೊಡ್ಡ ಟೂ ಸ್ಟ್ರೋಕಿನ ಕಥೆ ಜಪಾನಿನದು. ಹೋಂಡಾ ಸಿಆರ್ 500, ಕವಾಸಾಕಿ ಕೆಎಕ್ಸ್ 500: ಒಂದೇ ಪಿಸ್ಟನ್ನಿನಲ್ಲಿ ಅರ್ಧ ಲೀಟರ್ ಅಳತೆಯ ಸ್ಫೋಟ. 1998ರಲ್ಲಿ ಯಮಾಹಾ ತನ್ನ ಫೋರ್ ಸ್ಟ್ರೋಕ್ ವೈಝೆಡ್ 400 ಎಫ್ ಅನ್ನು ಮೋಟೋಕ್ರಾಸಿಗೆ ತಂದ ಮೇಲೆ ಗಾಳಿಯ ದಿಕ್ಕು ಬದಲಾಯಿತು. ಸಿಆರ್ 500 ತಯಾರಿ 2001ಕ್ಕೆ ನಿಂತಿತು.

ಮೇಸ್ತ್ರಿ ಹೆಡ್ ಕೂರಿಸಿ ಪ್ಲಗ್ ಬಿಗಿದರು. ಯೆಜ್ಡಿಯ ಕಿಕ್ಕರೂ ಗೇರೂ ಒಂದೇ ಕೋಲು: ಒಳಕ್ಕೆ ಒತ್ತಿ ಎತ್ತಿ ನಿಲ್ಲಿಸಿದರೆ ಕಿಕ್ಕರು, ಒದ್ದು ಮುಂದಕ್ಕೆ ಮಲಗಿಸಿದರೆ ಗೇರು. ಎರಡನೇ ಒದೆತಕ್ಕೆ ಎಂಜಿನ್ನು ಹಿಡಿಯಿತು. ತಗಡಿನ ಮಾಡಿನ ತುಂಬ ಡುಗ್ ಡುಗ್ ಡುಗ್. ನೀಲಿ ಹೊಗೆ ಕಾಂಪೌಂಡು ದಾಟಿ ಹೋಯಿತು. ಅವರು ಕಣ್ಣು ಮುಚ್ಚಿ ಕಿವಿಗೊಟ್ಟು, ಕಾರ್ಬುರೇಟರಿನ ಸ್ಕ್ರೂವನ್ನು ಅರ್ಧ ಸುತ್ತು ಬಿಟ್ಟು, ಕಾಲು ಸುತ್ತು ಬಿಗಿದರು. ಸದ್ದು ಒಂದು ಹದಕ್ಕೆ ಬಂದು ಕೂತಿತು. ಈ ಕಿವಿಯ ವಿದ್ಯೆಯನ್ನು ನಾನು ತುಂಬ ಗೌರವಿಸುತ್ತೇನೆ. ಇದನ್ನು ಯಾವ ಐಟಿಐ ಪಾಠದಲ್ಲೂ ಪೂರ್ತಿ ಬರೆದಿಡಲು ಆಗುವುದಿಲ್ಲ.

ಎಕ್ಸ್‌ಪಲ್ಸಿನ ಸರದಿ ಬಂದಾಗ ಕೆಲಸದ ಲಯವೇ ಬೇರೆ. ಅದರ ಏರ್ ಫಿಲ್ಟರ್ ಬಿಚ್ಚಿ ಧೂಳು ಕೊಡವಿ, ಚೈನ್ ತೊಳೆದು, ಎಂಜಿನ್ ಆಯಿಲ್ ಇಳಿಸಿದರು. ಟ್ಯೂನಿಂಗಿಗೆ ಸ್ಕ್ರೂ ಎಲ್ಲೂ ಇಲ್ಲ. ಎಷ್ಟು ಪೆಟ್ರೋಲು ಚಿಮ್ಮಬೇಕೆಂದು ಒಳಗಿನ ಕಂಪ್ಯೂಟರೇ ಗಳಿಗೆ ಗಳಿಗೆಗೂ ಲೆಕ್ಕ ಹಾಕುತ್ತದೆ. ಮೀಟರಿನಲ್ಲಿ ಹಳದಿ ದೀಪ ಹತ್ತಿದರೆ ಮೇಸ್ತ್ರಿಯ ಸಹಾಯಕ ಹುಡುಗ ಸ್ಕ್ಯಾನರ್ ಚುಚ್ಚಿ ಪರದೆಯಲ್ಲಿ ಕೋಡ್ ಓದಿ ಹೇಳುತ್ತಾನೆ. ಮೇಸ್ತ್ರಿಗೆ ಅದರ ಬಗ್ಗೆ ಸಿಟ್ಟಿಲ್ಲ. "ಇದು ಹಾಳಾಗೋದು ಕಮ್ಮಿ ಸಾರ್. ಹಾಳಾದ್ರೆ ಬಿಚ್ಚೋದಲ್ಲ, ಬದಲಾಯ್ಸೋದು" ಎಂದಷ್ಟೇ ಹೇಳಿದರು.

ಬನ್ನಿ, ಅಪ್ಪ ಮಗನ ಗಾಡಿಗಳ ಹಿಂದೆ ಮೇಸ್ತ್ರಿಯ ಜೊತೆ ನಾವೂ ಹೋಗೋಣ. ಸಾಗರ ರಸ್ತೆಗೆ ಬಿದ್ದು ಎಪಿಎಂಸಿ, ಗಾಡಿಕೊಪ್ಪ ದಾಟಿದರೆ ಊರು ತೆಳ್ಳಗಾಗುತ್ತದೆ. ಆಯನೂರಿನ ಕಡೆ ಸಾಗುತ್ತ ಟಾರಿನಿಂದ ಇಳಿದು ತೋಟದ ದಾರಿ ಹಿಡಿದರೆ ನಿಜವಾದ ಪರೀಕ್ಷೆ ಶುರು. ಮಳೆನೀರು ಕೊರೆದ ಗಾಲಿಜಾಡು, ನಡುವೆ ಹುಲ್ಲಿನ ದಿಬ್ಬ, ಮೇಲೆ ಎಣ್ಣೆ ಸವರಿದಂಥ ಜಾರು ಮಣ್ಣು, ಕೆಳಗೆ ಗಟ್ಟಿ ಜಂಬಿಟ್ಟಿಗೆ. ಅಡಿಕೆ ಮರಗಳ ಸಾಲಿನಿಂದ ಬೀಸುವ ಗಾಳಿಯಲ್ಲಿ ಮೊನ್ನೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತದ ವಾಸನೆ ಇನ್ನೂ ಇದೆ.

ಯೆಜ್ಡಿ ಏರು ಹತ್ತುವುದನ್ನು ಇಲ್ಲಿ ನಿಂತು ನೋಡಬೇಕು. ಎರಡನೇ ಗೇರು, ಅರ್ಧ ಥ್ರಾಟಲು. ಎಂಜಿನ್ನು ಕೂಗುವುದಿಲ್ಲ, ಗುನುಗುತ್ತದೆ. ಹಿಂದಿನ ಗಾಲಿ ಒಂದು ಗಳಿಗೆ ಜಾರಿ, ಕೆಳಗಿನ ಗಟ್ಟಿ ನೆಲ ಸಿಕ್ಕ ಕೂಡಲೇ ಹಿಡಿದು ಗಾಡಿಯನ್ನು ಮೇಲಕ್ಕೆ ನೂಕುತ್ತದೆ. ರೋಡ್‌ಕಿಂಗಿನ 16 ಅಶ್ವಶಕ್ತಿ ಪೂರ್ತಿ ಸಿಗುವುದು ನಿಮಿಷಕ್ಕೆ 4750 ಸುತ್ತಿಗೇ. ಎಕ್ಸ್‌ಪಲ್ಸ್ 200ರ ನಾಲ್ಕು ವಾಲ್ವಿನ ಎಂಜಿನ್ನಿನಲ್ಲಿ 19 ಅಶ್ವಶಕ್ತಿ ಇದೆ, ಆದರೆ ಅದನ್ನು ಮುಟ್ಟಲು 8500 ಸುತ್ತು ಬೇಕು. ಅಪ್ಪಯ್ಯ ಸುಮ್ಮನೆ ಹತ್ತಿದ ಏರಿನಲ್ಲಿ ಮಗ ಕ್ಲಚ್ ಹಿಡಿದು ಬಿಟ್ಟು, ಎಂಜಿನ್ನನ್ನು ಎಬ್ಬಿಸಿ ಎಬ್ಬಿಸಿ ಹತ್ತಿಸಬೇಕಾಯಿತು.

ಆದರೆ ಏರಿನ ಆಚೆಗೆ ಇಳಿಜಾರಿದೆ, ಅಲ್ಲಿ ಕಥೆ ತಿರುಗುತ್ತದೆ. ಥ್ರಾಟಲು ಬಿಟ್ಟರೆ ಟೂ ಸ್ಟ್ರೋಕಿನ ಎಂಜಿನ್ನು ಗಾಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ, ತೇಲಿಸಿಬಿಡುತ್ತದೆ. ಡ್ರಮ್ ಬ್ರೇಕಿನೊಳಗೆ ನೀರು ಹೊಕ್ಕಿದ್ದರೆ ಹಿಡಿತ ಇನ್ನೂ ತಡ. ಅಪ್ಪಯ್ಯ ಎರಡೂ ಕಾಲು ಕೆಳಗಿಟ್ಟು, ಬೆನ್ನು ಬಗ್ಗಿಸಿ, ಒಂದೊಂದು ಕಲ್ಲಿಗೂ ಸೊಂಟ ಕೊಟ್ಟು ಇಳಿದರು. ಮಗ ಫುಟ್‌ರೆಸ್ಟಿನ ಮೇಲೆ ನಿಂತೇ ಇಳಿದ. 21 ಇಂಚಿನ ಮುಂದಿನ ಗಾಲಿ ಕೊರಕಲನ್ನು ಉರುಳಿ ದಾಟಿತು. ಮುಂದಿನ ಫೋರ್ಕ್ 190 ಮಿಲಿಮೀಟರ್, ಹಿಂದಿನ ಶಾಕ್ ಅಬ್ಸಾರ್ಬರ್ 170 ಮಿಲಿಮೀಟರ್ ತಗ್ಗಿ ಎದ್ದು ಪೆಟ್ಟನ್ನೆಲ್ಲ ನುಂಗಿಕೊಂಡವು. ಎಂಜಿನ್ನಿನ ತಳ ನೆಲದಿಂದ 220 ಮಿಲಿಮೀಟರ್ ಮೇಲಿರುವುದರಿಂದ ಕಲ್ಲು ತಾಗುವ ಭಯವಿಲ್ಲ. ಹಳೆಯದರ ಮತ್ತು ಹೊಸದರ ಅಂತರವನ್ನು ಜನ ಎಂಜಿನ್ನಿನಲ್ಲಿ ಹುಡುಕುತ್ತಾರೆ. ನನ್ನ ಮಟ್ಟಿಗೆ ಅದು ಇರುವುದು ಕಾಲುಗಳಲ್ಲಿ. ಹೊಸ ಗಾಡಿ ಗೆದ್ದಿರುವುದು ಸ್ಪ್ರಿಂಗು, ಗಾಲಿ, ಬ್ರೇಕುಗಳಿಂದ. ಯೆಜ್ಡಿಯ ಎಂಜಿನ್ನಿಗೆ ಈ ಕಾಲುಗಳಿದ್ದಿದ್ದರೆ ಎಂಬ ಆಸೆ ಇಂಥ ದಾರಿಯಲ್ಲಿ ಯಾರಿಗಾದರೂ ಹುಟ್ಟುತ್ತದೆ.

ಆ ಆಸೆ ಹೊರದೇಶದಲ್ಲಿ ಕೈಗೂಡಿದೆ. ಟೂ ಸ್ಟ್ರೋಕಿನ ದೊಡ್ಡ ಕೊರತೆ ಅದರ ತೂತುಗಳಲ್ಲೇ ಇತ್ತು: ಹೊಸ ಗಾಳಿ-ಪೆಟ್ರೋಲು ಒಳಬರುವ ಹೊತ್ತಿಗೆ ಹೊಗೆಯ ಬಾಗಿಲೂ ತೆರೆದಿರುತ್ತದೆ, ಒಂದು ಪಾಲು ಉರಿಯದೆಯೇ ಹೊರಗೆ ಹೋಗುತ್ತದೆ. ಹೊಗೆಯ ಜೊತೆ ದುಡ್ಡೂ ಹೋಗುತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದು ಮೈಲೇಜಿನ ರುಚಿ ಹತ್ತಿಸಿದ ಮೇಲೆ, 1996 ಮತ್ತು 2000ದ ಹೊಗೆ ನಿಯಮಗಳು ಬಿಗಿಯಾದ ಮೇಲೆ ನಮ್ಮ ರಸ್ತೆಗಳಿಂದ ಟೂ ಸ್ಟ್ರೋಕು ಸರಿಯತೊಡಗಿತು. ಶಿವಮೊಗ್ಗದ ಕಾಲೇಜು ಹುಡುಗರ ಕಣ್ಮಣಿಯಾಗಿದ್ದ ಆರ್‌ಎಕ್ಸ್ 100 ಕೂಡ 1996ಕ್ಕೆ ನಿಂತಿತು. ಆಸ್ಟ್ರಿಯಾದ ಕೆಟಿಎಂ ಮಾತ್ರ ಪಟ್ಟು ಬಿಡದೆ, 2018ರ ಮಾದರಿಯ 250 ಮತ್ತು 300 ಸಿಸಿ ಎಂಡ್ಯೂರೋ ಗಾಡಿಗಳಲ್ಲಿ ಕಾರ್ಬುರೇಟರ್ ಕಿತ್ತು, ಸಿಲಿಂಡರಿನ ಒಳದಾರಿಗೇ ಪೆಟ್ರೋಲು ಚಿಮ್ಮಿಸುವ ಏರ್ಪಾಡು ತಂದಿತು. ಆಯಿಲಿಗೆ ಬೇರೆ ತೊಟ್ಟಿ, ಬೇರೆ ಪಂಪು; ಪೆಟ್ರೋಲಿಗೆ ಕೈಯಾರೆ ಬೆರೆಸುವ ರಗಳೆಯಿಲ್ಲ. ಅದೇ ತಂತ್ರದ ಹಸ್ಕ್ವರ್ನಾ ಗಾಡಿಯಲ್ಲಿ ಇಂಗ್ಲೆಂಡಿನ ಗ್ರಹಾಂ ಜಾರ್ವಿಸ್ 2018ರಲ್ಲಿ ಎರ್ಜ್‌ಬರ್ಗ್ ರೇಸ್ ಗೆದ್ದರು. ಎರ್ಜ್‌ಬರ್ಗ್ ಅಂದರೆ ಕಬ್ಬಿಣದ ಅದಿರು ತೆಗೆದು ಮೆಟ್ಟಿಲು ಮೆಟ್ಟಿಲಾದ ಬೆಟ್ಟ. ಕೆಮ್ಮಣ್ಣುಗುಂಡಿಯ ಅದಿರಿನಿಂದ ಉಕ್ಕು ಮಾಡಿದ ಭದ್ರಾವತಿಯವರಿಗೆ ಅಂಥ ಬೆಟ್ಟದ ರೂಪ ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ಹೊಸ ಕೆಸರಿನ ಗಾಡಿ ಅಂದರೆ ಫೋರ್ ಸ್ಟ್ರೋಕೇ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಮುಗಿಸಿದ ಮೊದಲ ಭಾರತೀಯರಾದಾಗ ಓಡಿಸಿದ್ದೂ 450 ಸಿಸಿ ಫೋರ್ ಸ್ಟ್ರೋಕ್. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು, ಅಡ್ವೆಂಚರ್ ಎಂಬ ಎತ್ತರದ ಗಾಡಿಯೂ ಬಂತು. ಎಂಜಿನ್ನು 334 ಸಿಸಿಯ, ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್. ಒಳ್ಳೆಯ ಎಂಜಿನ್ನೇ. ಆದರೆ ಕಣ್ಣು ಮುಚ್ಚಿ ಕೇಳಿದರೆ ಇದು ಯೆಜ್ಡಿ ಎಂದು ಮಲೆನಾಡಿನ ಯಾವ ಕಿವಿಯೂ ಹೇಳಲಾರದು.

ಇತ್ತ ತೋಟದ ದಾರಿಯ ಹಳ್ಳದ ದಂಡೆಯಲ್ಲಿ ಅಪ್ಪ ಮಗ ಗಾಡಿ ಬದಲಾಯಿಸಿಕೊಂಡರು. ಮಗ ಯೆಜ್ಡಿ ಹತ್ತಿ ಇಳಿಜಾರಿನಲ್ಲಿ ಅಭ್ಯಾಸಬಲದಿಂದ ಥ್ರಾಟಲು ಬಿಟ್ಟ. ಗಾಡಿ ನಿಲ್ಲದೆ ಸರಕ್ಕನೆ ಮುಂದೋಡಿ ಬೇಲಿಯ ಪಕ್ಕ ನಿಂತಿತು. "ಇದಕ್ಕೆ ಇಳಿಯೋಕೆ ಮುಂಚೆನೇ ಯೋಚ್ನೆ ಮಾಡ್ಬೇಕು ಮಾರಾಯ" ಎಂದು ಮೇಸ್ತ್ರಿ ಕೂಗಿ ಹೇಳಿದರು. ಅಪ್ಪಯ್ಯ ಎಕ್ಸ್‌ಪಲ್ಸಿನಲ್ಲಿ ಹೋಗಿ ಬಂದು ಇಳಿದು, ಸೊಂಟ ಮುಟ್ಟಿ ನೋಡಿಕೊಂಡು, "ನೋವೇ ಇಲ್ವಲ್ಲ" ಎಂದರು. ದಿನಾ ತೋಟಕ್ಕೆ ಹೋಗಿ ಬರುವುದಕ್ಕೆ ಹೊಸದೇ ಸರಿ ಎಂದು ಅಲ್ಲೇ ತೀರ್ಮಾನವಾಯಿತು. ಯೆಜ್ಡಿಯ ಕೀ ಮಾತ್ರ ಮಗ ವಾಪಸು ಕೊಡಲಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ, ಅವತ್ತು ತಾನೇ ಓಡಿಸುತ್ತೇನೆ ಎಂದ.

ವಾಪಸು ಬರುವಾಗ ಸಾಗರ ರಸ್ತೆಯ ಬಂಕಿನಲ್ಲಿ ನಿಂತೆವು. ಹಿಂದೆ ಬಂಕುಗಳಲ್ಲಿ ಪೆಟ್ರೋಲ್ ಪಂಪಿನ ಪಕ್ಕದಲ್ಲೇ ಟೂ-ಟಿ ಆಯಿಲಿನ ಕೈಪಂಪು ಇರುತ್ತಿತ್ತು, ಕೇಳದೆಯೇ ಒತ್ತಿ ಕೊಡುತ್ತಿದ್ದರು. ಈಗ ಬಾಟ್ಲಿ ಜೊತೆಗೇ ಒಯ್ಯಬೇಕು. ಮೇಸ್ತ್ರಿ ಡಿಕ್ಕಿಯಿಂದ ಬಾಟ್ಲಿ ತೆಗೆದು, ಅಳತೆಯ ಮುಚ್ಚಳವನ್ನು ಮಗನ ಕೈಗೆ ಕೊಟ್ಟರು. "ಲೀಟರಿಗೆ 40 ಎಂಎಲ್. ಮೊದ್ಲು ಆಯಿಲ್, ಆಮೇಲೆ ಪೆಟ್ರೋಲ್, ತಾನೇ ಬೆರ್‍ಕೊಳ್ಳುತ್ತೆ. ಮರೆತ್ರೆ ಪಿಸ್ಟನ್ ಸೀಜ್ ಆಗುತ್ತೆ, ಮತ್ತೆ ಬೋರ್ ಹೊಡಿಸ್ಬೇಕು. ಗಾಡಿ ನಿಲ್ಸಿದ್ಮೇಲೆ ಕಾಕ್ ಮುಚ್ಚು." ಮಗ ನಾಲ್ಕು ಲೀಟರಿಗೆ ನಾಲ್ಕು ಮುಚ್ಚಳ ಎಣಿಸಿ ಸುರಿದು, ಬಂಕಿನವನಿಗೆ ಪೆಟ್ರೋಲು ಹಾಕಲು ಹೇಳಿದ.