ಹಳೆಯ ಕಾರು ಹೊರಡದಿದ್ದಾಗ

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ಆಚೀಚೆಯ ಊರುಗಳಲ್ಲಿ ಇಂದಿಗೂ ಕೆಲವು ಮನೆಗಳ ಅಂಗಳದಲ್ಲಿ ಒಂದೊಂದು ಹಳೆಯ ಕಾರು ನಿಂತಿರುವುದುಂಟು. ಒಂದೆಡೆ ಅಂಬಾಸಿಡರ್, ಇನ್ನೊಂದೆಡೆ ಪದ್ಮಿನಿ, ಹೆಚ್ಚಿನ ಮನೆಗಳಲ್ಲಿ ಮಾರುತಿ 800. ಹಿರಿಯರು ಕೊಂಡದ್ದು, ಮಾರಿದರೆ ಬರುವ ಹಣ ಅಲ್ಪ, ಇಟ್ಟುಕೊಂಡರೆ ಆಗುವ ಉಪಯೋಗ ಬಹಳ. ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು. 1983ರಲ್ಲಿ ಮೊದಲು ಹೊರಬಂದ ಮಾರುತಿ 800, ಅದಕ್ಕೂ ಮುನ್ನ 1950ರ ದಶಕದ ಕೊನೆಯಿಂದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್, ಎರಡೂ 2014ರಲ್ಲಿ ನಿಂತುಹೋದವು. ಆದ್ದರಿಂದ ಈ ಗಾಡಿಗಳಲ್ಲಿ ಹೊಸದೆಂಬುದು ಯಾವುದೂ ಇಲ್ಲ.

ಇಂಥ ಕಾರು ದಿನವೂ ಓಡುವುದಿಲ್ಲ. ಮದುವೆಗೆ, ಜಾತ್ರೆಗೆ, ಶ್ರೀಶೈಲ ಯಾತ್ರೆಗೆ, ಹೊಲದ ಕಡೆಗೆ, ಇಲ್ಲವೆ ನಡುರಾತ್ರಿಯಲ್ಲಿ ಮನೆಯ ಹಿರಿಯರೊಬ್ಬರಿಗೆ ಎದೆನೋವು ಬಂದಾಗ ಅದರ ನೆನಪಾಗುತ್ತದೆ. ಬೇಕಾದ ದಿನವೇ ಅದು ಹೊರಡದೆ ನಿಂತುಬಿಡುತ್ತದೆ. ರೋಗಿಯನ್ನು ಸಾಗಿಸಬೇಕಾದ ಹೊತ್ತಿನಲ್ಲಿ ಬಾನೆಟ್ ಎತ್ತಿ ಪರೀಕ್ಷೆ ಮಾಡುತ್ತ ಕೂಡ್ರಬಾರದು, 108ಕ್ಕೆ ಕರೆ ಮಾಡಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಉಳಿದ ವೇಳೆಯಲ್ಲಿ ಗಾಡಿಯನ್ನು ವಿಚಾರಿಸಿಕೊಳ್ಳಲು ಒಂದು ಕ್ರಮವುಂಟು. ಆ ಕ್ರಮವನ್ನು ಬಿಟ್ಟು, ಕಾರು ಹೊರಡಲಿಲ್ಲವೆಂದ ಕೂಡಲೇ ಹೊಸ ಬ್ಯಾಟರಿ ತರುವುದು, ಅದರಿಂದಲೂ ಆಗದಿದ್ದರೆ ಸೆಲ್ಫ್ ಬಿಚ್ಚಿಸುವುದು, ಆಮೇಲೆ ಕಾರ್ಬೊರೇಟರ್ ಬದಲಿಸುವುದು ನಮ್ಮ ಕಡೆಯ ರೂಢಿಯಾಗಿದೆ. ಸಾವಿರಾರು ರೂಪಾಯಿ ಖರ್ಚಾದ ಮೇಲೆ ಬ್ಯಾಟರಿಯ ತುದಿ ಸಡಿಲಾಗಿತ್ತೆಂದು ತಿಳಿದುಬರುವುದನ್ನು ನಾವು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇವೆ.

ಪೆಟ್ರೋಲ್ ಎಂಜಿನ್ ಹೊತ್ತಿಕೊಳ್ಳಲು ಬೇಕಾದವು ಮೂರೇ: ಅದು ತಿರುಗಬೇಕು, ತಕ್ಕ ಗಳಿಗೆಗೆ ಕಿಡಿ ಹುಟ್ಟಬೇಕು, ಗಾಳಿಯೊಡನೆ ಬೆರೆತ ಪೆಟ್ರೋಲ್ ಒಳಗೆ ಬರಬೇಕು. ಪರೀಕ್ಷೆಯೂ ಇದೇ ಕ್ರಮದಲ್ಲಿ ನಡೆಯಬೇಕು. ಇದು ಇಬ್ಬರು ಮಾಡುವ ಕೆಲಸ. ಒಬ್ಬರು ಚಾವಿಯ ಬಳಿ, ಇನ್ನೊಬ್ಬರು ಬಾನೆಟ್ಟಿನ ಬಳಿ. ಮನೆಯ ಹೆಣ್ಣುಮಕ್ಕಳೂ ಇದನ್ನು ಕಲಿತಿರುವುದು ಒಳ್ಳೆಯದು. ಕಾರು ಕೈಕೊಡುವಾಗ ಗಂಡಸರು ಮನೆಯಲ್ಲಿಯೇ ಇರುತ್ತಾರೆಂಬ ನಿಯಮವೇನೂ ಇಲ್ಲ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೇ ಆರಂಭಿಸಬೇಕು.

ಮೊದಲು ಕಿವಿಯ ಕೆಲಸ. ಹೆಡ್‌ಲೈಟ್ ಹಚ್ಚಿ, ಚಾವಿ ತಿರುಗಿಸಿ, ಏನು ಕೇಳುತ್ತದೆ, ದೀಪ ಏನಾಗುತ್ತದೆ ಎಂದು ಗಮನಿಸಬೇಕು. ದೀಪವೇ ಹತ್ತದಿದ್ದರೆ, ಇಲ್ಲವೆ ಚಾವಿ ತಿರುಗಿಸಿದೊಡನೆ ಪೂರ್ತಿ ಆರಿಹೋದರೆ, ಬ್ಯಾಟರಿ ಇಳಿದಿದೆ ಅಥವಾ ಅದರ ತುದಿಗಳು ಸರಿಯಾಗಿ ಕೂಡಿಲ್ಲ. ‘ಟಕ ಟಕ ಟಕ’ ಎಂಬ ಬಿಡದ ಸದ್ದಿಗೂ ಬಹುಮಟ್ಟಿಗೆ ಇದೇ ಅರ್ಥ. ದೀಪ ಪ್ರಖರವಾಗಿಯೇ ಇದ್ದು ಯಾವ ಸದ್ದೂ ಬಾರದಿದ್ದರೆ ಸೆಲ್ಫ್‌ಗೆ ಕರೆಂಟೇ ಹೋಗುತ್ತಿಲ್ಲ. ಚಾವಿಯ ಸ್ವಿಚ್ಚು, ಸೊಲೆನಾಯ್ಡ್, ನಡುವಿನ ತಂತಿ ಇವುಗಳನ್ನು ನೋಡಬೇಕು. ಒಂದೇ ಸಲ ‘ಟಕ್’ ಎಂದು ದೀಪ ಮಂಕಾಗಿ ನಿಂತರೆ ಬ್ಯಾಟರಿ ಬಲಹೀನವಾಗಿರಬಹುದು, ಇಲ್ಲವೆ ಸೆಲ್ಫಿನ ಹಲ್ಲು ಫ್ಲೈವೀಲಿಗೆ ಸಿಕ್ಕಿಕೊಂಡಿರಬಹುದು. ಹಳೆಯ ಅಂಬಾಸಿಡರ್ ಚಾಲಕರು ಇದಕ್ಕೆ ಚಾವಿ ತೆಗೆದು, ಟಾಪ್ ಗೇರಿಗೆ ಹಾಕಿ, ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಾಡಿಸಿ ಹಲ್ಲು ಬಿಡಿಸುತ್ತಿದ್ದರು. ಅದು ಸರಿಯಾದ ಉಪಾಯವೇ.

ಬ್ಯಾಟರಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಹೆಡ್‌ಲೈಟಿಗೆ ಬೇಕಾದ ಕರೆಂಟು ಹತ್ತು ಆಂಪಿಯರಿನ ಆಸುಪಾಸು. ಸೆಲ್ಫ್ ತಿರುಗಲು ನೂರು ಆಂಪಿಯರಿಗೂ ಮೇಲೆ ಬೇಕು. ಆದ್ದರಿಂದ ಹಾರ್ನ್ ಬಾರಿಸಿತು, ದೀಪ ಹತ್ತಿತು ಎಂದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಎನ್ನುವಂತಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ದೊರೆಯುವ ಮಲ್ಟಿಮೀಟರ್ ಒಂದನ್ನು ಮನೆಯಲ್ಲಿಟ್ಟುಕೊಂಡರೆ ಈ ಸಂಶಯ ಅಲ್ಲಿಯೇ ಪರಿಹಾರವಾಗುತ್ತದೆ. ರಾತ್ರಿಯೆಲ್ಲ ವಿಶ್ರಮಿಸಿದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದು. ಸೆಲ್ಫ್ ತಿರುಗುವಾಗ ಅದು 10ರ ಸಮೀಪ ನಿಲ್ಲಬೇಕು. 9ಕ್ಕೋ 8ಕ್ಕೋ ಕುಸಿದರೆ ಬ್ಯಾಟರಿ ಸೋತಿದೆ. ಎಂಜಿನ್ ಓಡುತ್ತಿರುವಾಗ ಸುಮಾರು 14 ಇರಬೇಕು. ಇಲ್ಲದಿದ್ದರೆ ದೋಷ ಚಾರ್ಜ್ ಮಾಡುವ ಡೈನಮೊ ಅಥವಾ ಆಲ್ಟರ್ನೇಟರಿನದು, ಇಲ್ಲವೆ ಬೆಲ್ಟು ಸಡಿಲಾಗಿದೆ. ಹಾಗಿದ್ದಲ್ಲಿ ಹೊಸ ಬ್ಯಾಟರಿ ತಂದರೂ ವಾರದೊಳಗೆ ಅದೇ ಗತಿ.

ಹೊಸ ಬ್ಯಾಟರಿಗೆ ಹಣ ಎಣಿಸುವ ಮುನ್ನ ಹಳೆಯದರ ತುದಿಗಳನ್ನು ನೋಡಬೇಕು. ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಕ್ಲ್ಯಾಂಪ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಪಾಲಿಶ್ ಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲೀನ್ ಸವರಬೇಕು. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಬ್ಯಾಟರಿಯಿಂದ ಬಾಡಿಗೂ ಎಂಜಿನ್ನಿಗೂ ಹೋಗುವ ಅರ್ಥ್ ಪಟ್ಟಿಯನ್ನು ಬಹಳ ಜನ ಮರೆಯುತ್ತಾರೆ. ಎರೆಮಣ್ಣಿನ ದೂಳು, ಎಣ್ಣೆಯ ಜಿಡ್ಡು ಸೇರಿ ಅದರ ಬುಡ ತುಕ್ಕು ಹಿಡಿದಿರುತ್ತದೆ. ಇದಕ್ಕೊಂದು ಸುಲಭ ಪರೀಕ್ಷೆ ಉಂಟು. ಹತ್ತು ಸೆಕೆಂಡು ಸೆಲ್ಫ್ ಹೊಡೆದು, ಚಾವಿ ತೆಗೆದು, ತುದಿಗಳನ್ನೂ ಅರ್ಥ್ ಪಟ್ಟಿಯ ಬೋಲ್ಟನ್ನೂ ಬೆರಳಿನಿಂದ ಮುಟ್ಟಿ ನೋಡಿ. ಯಾವುದು ಬಿಸಿಯಾಗಿದೆಯೋ ಅಲ್ಲಿ ಕರೆಂಟಿಗೆ ತಡೆಯಿದೆ. ಬ್ಯಾಟರಿಗೆ ಹಾಕುವುದು ಡಿಸ್ಟಿಲ್ಡ್ ವಾಟರೇ ಆಗಬೇಕು. ಬೋರಿನ ನೀರೂ ಸಲ್ಲದು, ಕುಡಿಯುವ ಫಿಲ್ಟರ್ ನೀರೂ ಸಲ್ಲದು. ಚಾರ್ಜ್ ಆಗುವ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಹೊರಡುತ್ತದೆ. ಕತ್ತಲಲ್ಲಿ ಬೆಂಕಿಕಡ್ಡಿ ಗೀರಿ ನೀರಿನ ಮಟ್ಟ ನೋಡಿ ಮುಖ ಸುಟ್ಟುಕೊಂಡವರುಂಟು.

ಇಷ್ಟೆಲ್ಲ ತಂತಿಯ ತಾಪತ್ರಯ ಮೊದಲು ಇರಲಿಲ್ಲ. ಕಾರುಗಳನ್ನು ಹ್ಯಾಂಡಲ್ ಹಾಕಿ ಕೈಯಿಂದಲೇ ತಿರುಗಿಸುತ್ತಿದ್ದರು. ಹ್ಯಾಂಡಲ್ ಹಿಂದಕ್ಕೆ ಒದ್ದು ಮುಂಗೈ ಮುರಿಯುವುದು ಆ ಕಾಲದ ಸಾಮಾನ್ಯ ಸಂಗತಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಬ್ಯಾಟರಿ, ಕಾಯಿಲ್, ಪಾಯಿಂಟುಗಳಿಂದ ಕಿಡಿ ಹುಟ್ಟಿಸುವ ಕ್ರಮವೂ ಆತನದೇ. ನಮ್ಮ ಅಂಬಾಸಿಡರ್ ತನ್ನ ಹ್ಯಾಂಡಲನ್ನು ಬಹುಕಾಲ ಬಿಡಲಿಲ್ಲ. ಡಿಕ್ಕಿಯಲ್ಲಿ ಅದಿನ್ನೂ ಇದ್ದರೆ ಜೋಪಾನವಾಗಿಡಿ. ಆದರೆ ಅಭ್ಯಾಸವಿಲ್ಲದವರು ಅದಕ್ಕೆ ಕೈ ಹಾಕುವುದು ಬೇಡ.

ಸೆಲ್ಫ್ ಚುರುಕಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹೊತ್ತಿಕೊಳ್ಳುವುದಿಲ್ಲ ಎಂದಾದರೆ ಬ್ಯಾಟರಿಯ ವಿಚಾರ ಅಲ್ಲಿಗೆ ಮುಗಿಯಿತು. ಮತ್ತೆ ಮತ್ತೆ ಸೆಲ್ಫ್ ಹೊಡೆದು ಅದನ್ನೂ ಬರಿದು ಮಾಡಿಕೊಳ್ಳಬಾರದು. ಈಗ ನೋಡಬೇಕಾದದ್ದು ಕಿಡಿ. ಸುತ್ತ ಪೆಟ್ರೋಲ್ ಚೆಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಪ್ಲಗ್ ಬಿಚ್ಚಿ, ತಂತಿಗೆ ಮರಳಿ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ನಿಗೆ ತಾಗುವಂತೆ, ಆದರೆ ಪ್ಲಗ್ ಬಿಚ್ಚಿದ ತೂತಿನಿಂದ ದೂರವಾಗಿ ಇಟ್ಟು, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿಯಬೇಕು. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿಯಾದ ಬಲವಾದ ಕಿಡಿ ಹಾರಿದರೆ ಕಿಡಿಯ ಚಿಂತೆ ಬೇಡ. ಕೆಂಪಾಗಿ ಸೊರಗಿದ್ದರೆ, ಇಲ್ಲವೆ ಬಾರದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಬೇಕು. ಬರಿಗೈಯಿಂದ ತಂತಿ ಹಿಡಿದು ನೋಡುವ ದುಸ್ಸಾಹಸ ಬೇಡ. ಕಾಯಿಲ್ ಆ 12 ವೋಲ್ಟನ್ನು ಹತ್ತು ಸಾವಿರಕ್ಕೂ ಮೇಲೇರಿಸಿ ಕೊಡುತ್ತದೆ.

ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಆ ಮುಚ್ಚಳದ ಅಡಿಯಲ್ಲಿ ಎರಡು ಪುಟ್ಟ ಪಾಯಿಂಟುಗಳಿರುತ್ತವೆ. ಪೂರ್ತಿ ತೆರೆದಾಗ ಅವುಗಳ ನಡುವಿನ ಅಂತರ ಅರ್ಧ ಮಿಲಿಮೀಟರಿಗೂ ಕಡಿಮೆ, ಸುಮಾರು 0.4 ಇರಬೇಕು; ಫೀಲರ್ ಗೇಜಿನಿಂದ ಅಳೆಯಬಹುದು. ಬಹುಕಾಲ ನಿಂತ ಗಾಡಿಯಲ್ಲಿ ಪಾಯಿಂಟಿನ ಮೇಲೆ ಕಿಲುಬು ಕಟ್ಟಿ ಕರೆಂಟು ದಾಟುವುದಿಲ್ಲ. ನಯವಾದ ಪಾಲಿಶ್ ಕಾಗದವನ್ನು ನಡುವೆ ಒಮ್ಮೆ ಎಳೆದು, ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಕಾರುಗಳು ಅಲ್ಲಿಯೇ ಜೀವ ಪಡೆಯುತ್ತವೆ. ಪಾಯಿಂಟ್ ಪದೇ ಪದೇ ಸುಟ್ಟು ಕರ್ರಗಾಗುತ್ತಿದ್ದರೆ ಅದರ ಪಕ್ಕದ ಕಂಡೆನ್ಸರ್ ಕೆಟ್ಟಿದೆ. ಅದು ದುಬಾರಿಯ ವಸ್ತುವಲ್ಲ. ಮಳೆಗಾಲದ ಬೆಳಿಗ್ಗೆ, ಇಲ್ಲವೆ ಗಾಡಿಗೆ ಜೋರಾಗಿ ನೀರು ಹೊಡೆದು ತೊಳೆಸಿದ ಮೇಲೆ ಹೊರಡದಿದ್ದರೆ ಮುಚ್ಚಳದ ಒಳಗಿನ ತೇವ ಒರೆಸಿದರೆ ಸಾಕು.

ಇನ್ನು ಪೆಟ್ರೋಲ್. ನಮ್ಮ ಭಾಗದ ಬಿಸಿಲಿಗೂ ಇದಕ್ಕೂ ಹತ್ತಿರದ ನಂಟು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿರುವಾಗ ಸಿಂಧನೂರಿನಿಂದ ಹೊರಟ ಕಾರು ಮಸ್ಕಿಯವರೆಗೆ ಸುಸೂತ್ರವಾಗಿ ಬರುತ್ತದೆ. ಅಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ಮಕ್ಕಳಿಗೆ ತೋರಿಸಲೆಂದೋ, ಬೆಟ್ಟದ ಮಲ್ಲಿಕಾರ್ಜುನನ ದರ್ಶನಕ್ಕೆಂದೋ ಅರ್ಧ ಗಂಟೆ ನಿಲ್ಲಿಸಿ ಮರಳಿ ಬಂದರೆ ಗಾಡಿ ಹೊರಡುವುದಿಲ್ಲ. ಲಿಂಗಸುಗೂರು ಇನ್ನೂ ಅರ್ಧ ದಾರಿ. ನಡೆದದ್ದಿಷ್ಟೇ: ಓಡುವಾಗ ಫ್ಯಾನು, ಗಾಳಿ, ಹರಿಯುವ ಪೆಟ್ರೋಲ್ ಎಲ್ಲವೂ ಸೇರಿ ತಂಪು ಕಾಯುತ್ತಿದ್ದವು. ನಿಂತೊಡನೆ ಎಂಜಿನ್ನಿನ ಕಾವು ಮೇಲೆದ್ದು ಪಂಪಿಗೂ ಕೊಳವೆಗೂ ಕಾರ್ಬೊರೇಟರಿಗೂ ಏರುತ್ತದೆ. ಕೊಳವೆಯೊಳಗಿನ ಪೆಟ್ರೋಲ್ ಆವಿಯಾದರೆ ಪಂಪು ಆವಿಯನ್ನೇ ತುಳಿಯುತ್ತ ಕೂಡ್ರುತ್ತದೆ. ಇದೇ ವೇಪರ್ ಲಾಕ್. ಬಾನೆಟ್ ತೆರೆದಿಟ್ಟು, ಪಂಪಿನ ಮೇಲೂ ಕೊಳವೆಯ ಮೇಲೂ ಒದ್ದೆ ಬಟ್ಟೆ ಸುತ್ತಿ ಕಾಲು ಗಂಟೆ ಕಾದರೆ ತಾನಾಗಿ ಸರಿಹೋಗುತ್ತದೆ. ಬಿಸಿ ಎಂಜಿನ್ನಿಗೆ ಕೊಡದಿಂದ ನೀರು ಸುರಿಯಬಾರದು.

ಆದರೆ ಬಿಸಿಯಲ್ಲಿ ಹೊರಡದ ಕಾರಿಗೆಲ್ಲ ಇದೊಂದೇ ಕಾರಣವಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಭೇದ ತಿಳಿಯುತ್ತದೆ. ಕಿಡಿಯಿದ್ದು ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಪ್ಲಗ್ ತೊಯ್ದು ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಚೋಕ್ ಒಳಗೆ ಒತ್ತಿ, ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆದರೆ ಹೆಚ್ಚಿನದು ಹೊರಬೀಳುತ್ತದೆ. ಕಿಡಿಯೇ ಇಲ್ಲದೆ, ತಣ್ಣಗಾದ ಮೇಲೆ ಮಾತ್ರ ಬರುತ್ತಿದ್ದರೆ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಸೋಲುತ್ತಿದೆ. ಇದನ್ನು ತಿಳಿಯದೆ ಕಾರ್ಬೊರೇಟರ್ ಬದಲಿಸಿದವರು ಮುಂದಿನ ಬೇಸಿಗೆಯಲ್ಲೂ ಅದೇ ಜಾಗದಲ್ಲಿ ನಿಲ್ಲುತ್ತಾರೆ. ಕಾರ್ಬೊರೇಟರಿನ ಬಾಯಿಗೆ ಬಾಟಲಿಯಿಂದ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದನ್ನು ಕೆಲವೆಡೆ ಕಾಣುತ್ತೇವೆ. ಎಂಜಿನ್ ಒಮ್ಮೆ ಹಿಂದಕ್ಕೆ ಉಸಿರುಬಿಟ್ಟರೆ ಸಾಕು, ಬಾಟಲಿ ಹಿಡಿದವರ ಕೈಗೇ ಬೆಂಕಿ.

2000ದ ಹೊತ್ತಿಗೆ ಬಂದ ಎಂ.ಪಿ.ಎಫ್.ಐ. ಮಾರುತಿಗಳಲ್ಲಿ ಕಾರ್ಬೊರೇಟರ್ ಇಲ್ಲ. ಅಲ್ಲಿ ಚಾವಿ ಆನ್ ಮಾಡಿದೊಡನೆ ಹಿಂದಿನ ಟ್ಯಾಂಕಿನ ಕಡೆಯಿಂದ ಒಂದೆರಡು ಸೆಕೆಂಡು ಗುಂಯ್ ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ಪಂಪಿನ ಫ್ಯೂಸ್, ರಿಲೇ ನೋಡಿಸಬೇಕು. ಡೀಸೆಲ್ ಅಂಬಾಸಿಡರಿಗೆ ಕಿಡಿಯೇ ಬೇಡ. ಅದರ ಹೀಟರ್ ಪ್ಲಗ್ಗು, ಕೊಳವೆಯಲ್ಲಿ ಸೇರಿದ ಗಾಳಿ ಇವೆರಡನ್ನು ನೋಡಿದರೆ ಬಹುಪಾಲು ಮುಗಿಯಿತು. ಟ್ರ್ಯಾಕ್ಟರಿನ ಏರ್ ತೆಗೆಯಬಲ್ಲ ಯಾವ ರೈತನಿಗೂ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಇತ್ತೀಚಿನ ಸಂಗತಿಯೊಂದನ್ನು ಹಳೆಯ ಕಾರಿನ ಮನೆಗಳವರು ಅವಶ್ಯವಾಗಿ ಗಮನಿಸಬೇಕು. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಅನಂತರ ಅದು ದೇಶದೆಲ್ಲೆಡೆ ಹಬ್ಬಿತು. ಹಳೆಯ ಗಾಡಿಗಳ ರಬ್ಬರ್ ಕೊಳವೆ, ಪಂಪಿನ ಡಯಾಫ್ರಾಮ್, ವಾಷರುಗಳು ಇದಕ್ಕೆಂದು ಮಾಡಿದವಲ್ಲ. ಎಥೆನಾಲ್ ಸೋಂಕಿ ಅವು ಉಬ್ಬಬಹುದು, ಬಿರುಕು ಬಿಡಬಹುದು. ಎಥೆನಾಲಿಗೆ ನೀರನ್ನು ಹೀರುವ ಗುಣವೂ ಇದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ಅದು ನೀರಿನೊಡನೆ ಬೇರ್ಪಟ್ಟು ನಿಲ್ಲಬಹುದು. ಕೊಳವೆಗಳನ್ನು ಎಥೆನಾಲಿಗೆ ಒಗ್ಗುವ ಹೊಸ ಬಗೆಯವಕ್ಕೆ ಬದಲಿಸುವುದು ಬ್ಯಾಟರಿ ಕೊಳ್ಳುವುದಕ್ಕಿಂತ ಬಹಳ ಅಗ್ಗ. ಪೆಟ್ರೋಲ್ ಸೋರುವ ಕೊಳವೆ ಕಂಡರೆ ಕಾರು ಹೊರಡಿಸುವ ಪ್ರಯತ್ನವನ್ನೇ ಬಿಡಬೇಕು.

ಕಾಲುವೆಯ ನೀರು ಬಂದು ಭತ್ತ ಬೆಳೆಯತೊಡಗಿದ ಊರುಗಳಲ್ಲಿ ಇಲಿಗಳ ಕಾಟವನ್ನು ಬೇರೆ ಹೇಳಬೇಕಿಲ್ಲ. ಕೊಯ್ಲು ಮುಗಿದು ಗದ್ದೆ ಬರಿದಾದಾಗ ಅವು ಮನೆಯ ಕಡೆಗೆ ಬರುತ್ತವೆ. ನಿಂತ ಕಾರಿನ ಬಾನೆಟ್ಟಿನ ಕೆಳಗಿನ ಕತ್ತಲು ಅವುಗಳಿಗೆ ಪ್ರಿಯ. ಪ್ಲಗ್ ತಂತಿಗಳನ್ನೂ ಕೊಳವೆಗಳನ್ನೂ ಕಡಿಯುತ್ತವೆ, ಏರ್ ಫಿಲ್ಟರಿನಲ್ಲಿ ಗೂಡು ಕಟ್ಟುತ್ತವೆ. ಭತ್ತದ ಹೊಟ್ಟೋ ಹುಲ್ಲೋ ಬಾನೆಟ್ಟಿನ ಒಳಗೆ ಕಂಡರೆ ತಂತಿಗಳನ್ನು ಒಂದೊಂದಾಗಿ ಬೆರಳಾಡಿಸಿ ನೋಡಿಯೇ ಚಾವಿ ತಿರುಗಿಸಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಕಾರನ್ನು ಓಡಿಸಿಕೊಂಡು ಬಂದರೆ ಇಲಿಯೂ ದೂರ, ಬ್ಯಾಟರಿಯೂ ಭದ್ರ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸುತ್ತ ನಿಲ್ಲುವುದು ಮಾತ್ರ ಪ್ರಾಣಕ್ಕೆ ಅಪಾಯ.

ಇಷ್ಟಾಗಿಯೂ ಹೊರಡದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಬೇಕಾದೀತು. ಆಗ ‘ಕಾರು ಚಾಲೂ ಆಗವಲ್ಲದು’ ಎಂದಷ್ಟೇ ಹೇಳದೆ, ‘ಸೆಲ್ಫ್ ಜೋರಾಗಿ ತಿರುಗತದ, ನೀಲಿ ಕಿಡಿ ಅದ, ಪ್ಲಗ್ ಒಣಗ್ಯಾವ’ ಎಂದು ಹೇಳಿದರೆ ಆತ ಬರುವಾಗಲೇ ಪಂಪಿನ ಡಯಾಫ್ರಾಮನ್ನೂ ಒಂದು ಮೊಳ ಕೊಳವೆಯನ್ನೂ ಚೀಲದಲ್ಲಿ ಹಾಕಿಕೊಂಡು ಬರುತ್ತಾನೆ. ಬಿಚ್ಚಿದ ಹಳೆಯ ಸಾಮಾನನ್ನು ಕೇಳಿ ತೆಗೆದುಕೊಂಡು ಡಿಕ್ಕಿಯಲ್ಲಿಡಿ. ತಯಾರಿಕೆ ನಿಂತ ಗಾಡಿಗೆ ಮುಂದಿನ ಸಲ ಅಂಗಡಿಯಲ್ಲಿ ಅಳತೆ ತೋರಿಸಲು ಅದು ಬೇಕಾಗುತ್ತದೆ.