ತಾಜ್‌ನಲ್ಲಿ ಒಂದು ರಾತ್ರಿ, ಅಪ್ಪಯ್ಯನ ಜೊತೆ

ಮುಂಬಯಿಗೆ ಹೋದವರೆಲ್ಲ ಗೇಟ್‌ವೇ ಆಫ್ ಇಂಡಿಯಾದ ಹತ್ತಿರ ನಿಂತು ಒಂದು ಫೋಟೋ ತೆಗೆಸಿಕೊಳ್ಳುವುದು ವಾಡಿಕೆ. ಆ ಫೋಟೋದ ಹಿನ್ನೆಲೆಯಲ್ಲಿ ಕೆಂಪು ಗುಮ್ಮಟದ ದೊಡ್ಡ ಕಟ್ಟಡವೊಂದು ಇದ್ದೇ ಇರುತ್ತದೆ. ನಮ್ಮ ಮನೆಯ ಗೋಡೆಯ ಮೇಲೂ ಅಂಥದೊಂದು ಫೋಟೋ ಇದೆ. ತೆಗೆದದ್ದು 1968ರಲ್ಲಿ. ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಕ್ಯಾಮರಾ ನೋಡುವ ಬದಲು ಓರೆಯಾಗಿ ಆ ಕಟ್ಟಡವನ್ನೇ ನೋಡುತ್ತ ನಿಂತಿರುವವರು ನಮ್ಮ ಅಪ್ಪಯ್ಯ. ಆ ಕಟ್ಟಡ ತಾಜ್‌ಮಹಲ್ ಹೋಟೆಲ್.

ಅಪ್ಪಯ್ಯ ಕುಂದಾಪುರದ ಹತ್ತಿರದ ನಮ್ಮ ಹಳ್ಳಿಯಿಂದ ಮುಂಬಯಿಗೆ ಹೋದದ್ದು 1956ರಲ್ಲಿ, ತಮ್ಮ ಹದಿನಾಲ್ಕನೇ ವಯಸ್ಸಿನಲ್ಲಿ. ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಲೋಟ ತೊಳೆದರು, ಆಮೇಲೆ ಟೇಬಲ್ ಒರೆಸಿದರು, ಕೊನೆಗೆ ಸಪ್ಲೈಗೆ ಬಂದರು. ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ತೂಕಡಿಸುತ್ತ ಎಸ್ಸೆಸ್ಸಿ ಮುಗಿಸಿದರು. ನಮ್ಮ ಕಡೆ ಮಾಣಿ ಎಂದರೆ ಹುಡುಗ. ಹೋಟೆಲಿನಲ್ಲಿ ಮಾಣಿ ಎಂದರೆ ತಿಂಡಿ ತಂದುಕೊಡುವವನು. ಹದಿನೆಂಟು ವರ್ಷ ಅಪ್ಪಯ್ಯ ಮಾಣಿಯಾಗಿಯೇ ಇದ್ದು, 1974ರಲ್ಲಿ ಊರಿಗೆ ಮರಳಿ ಒಂದು ಚಾದಂಗಡಿ ಇಟ್ಟರು. ಆ ಅಂಗಡಿಯ ಸಂಪಾದನೆಯಲ್ಲೇ ನಾನು ಬಿ.ಎಸ್ಸಿ., ಬಿ.ಎಡ್. ಮಾಡಿ ಮೇಷ್ಟ್ರಾದೆ.

ಭಾನುವಾರ ಮಧ್ಯಾಹ್ನ ರಜೆ ಸಿಕ್ಕಿದರೆ ಅವರು ಅಪೊಲೊ ಬಂದರಿಗೆ ನಡೆದು ಹೋಗಿ, ಸಮುದ್ರದ ಕಟ್ಟೆಯ ಮೇಲೆ ಕೂತು, ಕಡಲೆಕಾಯಿ ತಿನ್ನುತ್ತ ತಾಜ್ ಹೋಟೆಲನ್ನು ನೋಡುತ್ತಿದ್ದರಂತೆ. "ಒಳಗೆ ಹೋಗಬೇಕು ಅನ್ನಿಸಲಿಲ್ಲವಾ?" ಎಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದುಂಟು. "ಒಳಗೆ ಹೋಯಿ ಎಂತ ಮಾಡುದು? ಅಲ್ಲಿಯೂ ಮಾಣಿಗಳೇ ಇಪ್ಪುದು" ಎಂದು ನಕ್ಕುಬಿಡುತ್ತಿದ್ದರು.

ಈ ಮಾತು ನನ್ನ ಮಗಳಿಗೂ ಗೊತ್ತು. ಅವಳಿಗೆ ಈಗ ಮುಂಬಯಿಯಲ್ಲಿ ಕೆಲಸ, ಡೊಂಬಿವಿಲಿಯಲ್ಲಿ ಮನೆ. 2023ರ ಡಿಸೆಂಬರಿನಲ್ಲಿ ಫೋನ್ ಮಾಡಿ, "ಅಪ್ಪ, ಅಜ್ಜಯ್ಯನನ್ನು ಕರ್ಕೊಂಡು ಬನ್ನಿ. ತಾಜ್‌ನಲ್ಲಿ ಒಂದು ರಾತ್ರಿಗೆ ರೂಮು ಮಾಡಿದ್ದೇನೆ. ದುಡ್ಡು ಎಷ್ಟು ಅಂತ ಮಾತ್ರ ಕೇಳಬೇಡಿ" ಎಂದಳು. ನಾನು ಕೇಳಿದೆ. ಕೇಳಿ ಆ ರಾತ್ರಿ ನಿದ್ದೆಗೆಟ್ಟೆ. ಎಂಬತ್ತೊಂದರ ಅಪ್ಪಯ್ಯ ಮಾತ್ರ ಏನೂ ಕೇಳದೆ ಟ್ರಂಕಿನ ಅಡಿಯಲ್ಲಿದ್ದ ಬಿಳಿ ಅಂಗಿ ಹುಡುಕತೊಡಗಿದರು.

ಹೆದರಿಕೆ ಯಾರಿಗೆ?

ಮತ್ಸ್ಯಗಂಧ ರೈಲಿನಲ್ಲಿ ಹೋಗಿ ಇಳಿದು, ನನ್ನ ಹೆಂಡತಿಯನ್ನು ಮಗಳ ಮನೆಯಲ್ಲಿ ಬಿಟ್ಟು, ನಾವಿಬ್ಬರೂ ಟ್ಯಾಕ್ಸಿ ಹಿಡಿದು ಹೋಟೆಲಿನ ಮುಂದೆ ಇಳಿದೆವು. ನಿಜ ಹೇಳುತ್ತೇನೆ, ಇನ್‌ಸ್ಪೆಕ್ಟರರು ಶಾಲೆಗೆ ಬಂದ ದಿನವೂ ನನಗೆ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ. ಬಾಗಿಲಲ್ಲಿ ಪೇಟ ಸುತ್ತಿದ ಆಜಾನುಬಾಹು. ಒಳಗೆ ಬ್ಯಾಗುಗಳನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಬೇಕು. ಅಪ್ಪಯ್ಯನ ಚೀಲದಲ್ಲಿ ಮೊಮ್ಮಗಳಿಗೆಂದು ತಂದು ಕೊಡಲು ಮರೆತ ಚಕ್ಕುಲಿಯ ಸ್ಟೀಲ್ ಡಬ್ಬಿ! ಲೋಹದ ಮೂಲಕ ಎಕ್ಸ್‌ರೇ ಸುಲಭವಾಗಿ ಹಾಯುವುದಿಲ್ಲ, ಪರದೆಯ ಮೇಲೆ ಅದು ಕಪ್ಪಗೆ ಕಾಣುತ್ತದೆ ಎಂದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಡಬ್ಬಿ ತೆರೆಸಿ ನೋಡಿದ ಕಾವಲುಗಾರ ನಕ್ಕು, ಎರಡೂ ಕೈಯಿಂದ ಮುಚ್ಚಳ ಮುಚ್ಚಿ ಅಪ್ಪಯ್ಯನಿಗೇ ಕೊಟ್ಟ. "ವೆಲ್‌ಕಮ್, ಸರ್" ಎಂದ. ಅಪ್ಪಯ್ಯ ಹಿಂದೆ ತಿರುಗಿ ನೋಡಿದರು, ಸರ್ ಯಾರೆಂದು.

ಆ ಕ್ಷಣದಿಂದ ನನ್ನ ಹೆದರಿಕೆ ಹೆಚ್ಚಿತೇ ಹೊರತು ಅವರಿಗೆ ಅಂಥದ್ದೇನೂ ಇರಲಿಲ್ಲ. ಅವರು ಅತಿಥಿಯ ಹಾಗೆ ನೋಡುತ್ತಲೇ ಇರಲಿಲ್ಲ; ಕಸುಬು ತಿಳಿದವರ ಹಾಗೆ ನೋಡುತ್ತಿದ್ದರು. ನಾನು ಅಮೃತಶಿಲೆ, ತೂಗುದೀಪ ನೋಡಿದರೆ ಅವರು ನೆಲದ ಮೂಲೆ ನೋಡಿದರು. ಕುರ್ಚಿಯ ಕಾಲಿನ ಬುಡದಲ್ಲಿ ಧೂಳಿದೆಯೇ ಎಂದು ಬಗ್ಗಿ ಪರೀಕ್ಷಿಸಿದರು. "ಮಧ್ಯೆ ಯಾರು ಬೇಕಾರೂ ಗುಡಿಸ್ತ್ರ್. ಮೂಲೆ ಕಾಣ್" ಎಂದು ಪಿಸುಗುಟ್ಟಿದರು. ಮೂಲೆ ಸ್ವಚ್ಛವಾಗಿತ್ತು.

ಗೇಟ್‌ವೇಗಿಂತ ಹಿರಿಯ

ಹಳೆಯ ಭಾಗದಲ್ಲಿ ಉಳಿದುಕೊಂಡವರಿಗೆ ಸಂಜೆ ಹೋಟೆಲನ್ನು ಸುತ್ತಿ ತೋರಿಸುತ್ತಾರೆ. ನಾವೂ ಹೋದೆವು. ಓದುಗರಲ್ಲಿ ಹಲವರಿಗೆ ಇದು ಆಶ್ಚರ್ಯವಾಗಬಹುದು: ಈ ಹೋಟೆಲು ಗೇಟ್‌ವೇ ಆಫ್ ಇಂಡಿಯಾಕ್ಕಿಂತ ಇಪ್ಪತ್ತೊಂದು ವರ್ಷ ಹಿರಿಯದು. ಹೋಟೆಲು ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಗೇಟ್‌ವೇ ಪೂರ್ತಿಯಾದದ್ದು 1924ರಲ್ಲಿ. ಕಟ್ಟಿಸಿದವರು ಜಮ್‌ಶೆಟ್‌ಜಿ ಟಾಟಾ. ನಕ್ಷೆ ಆರಂಭಿಸಿದವರು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ, ಕೊನೆಗೆ ಮುಗಿಸಿದವರು ಡಬ್ಲ್ಯು.ಎ. ಚೇಂಬರ್ಸ್ ಎಂಬ ಇಂಗ್ಲಿಷ್ ಇಂಜಿನಿಯರು. ಬಿಳಿಯರ ಹೋಟೆಲೊಂದರಲ್ಲಿ ಟಾಟಾ ಅವರಿಗೆ ಪ್ರವೇಶ ಸಿಗಲಿಲ್ಲ, ಆ ಸಿಟ್ಟಿಗೆ ಇದನ್ನು ಕಟ್ಟಿಸಿದರು ಎಂಬ ಕಥೆ ಎಲ್ಲರ ಬಾಯಲ್ಲಿದೆ. ಇತಿಹಾಸಕಾರರು ಎಲ್ಲರೂ ಅದನ್ನು ಒಪ್ಪುವುದಿಲ್ಲ.

ವಿಜ್ಞಾನದ ಮೇಷ್ಟ್ರಿಗೆ ಕುತೂಹಲ ಬೇರೆ. ಮುಂಬಯಿಯಲ್ಲಿ ಮೊದಲು ವಿದ್ಯುದ್ದೀಪ ಬೆಳಗಿದ ಕಟ್ಟಡ ಇದೇ ಎನ್ನುತ್ತಾರೆ. ಟಾಟಾ ಕಂಪನಿಯ ಜಲವಿದ್ಯುತ್ತು ಖೊಪೋಲಿಯಿಂದ ಮುಂಬಯಿಗೆ ಬಂದದ್ದು 1915ರಲ್ಲಿ. ಆದ್ದರಿಂದ 1903ರಲ್ಲಿ ಹೋಟೆಲಿಗೆ ಬೇಕಾದ ವಿದ್ಯುತ್ತನ್ನು ತನ್ನದೇ ಯಂತ್ರಗಳಿಂದ ಉತ್ಪಾದಿಸಿಕೊಳ್ಳಬೇಕಾಯಿತು. ಐಸ್ ಮಾಡಲು ಇಂಗಾಲದ ಡೈಆಕ್ಸೈಡ್ ಅನಿಲದ ಯಂತ್ರವಿತ್ತು. ಅನಿಲವನ್ನು ಒತ್ತಿ ದ್ರವ ಮಾಡಿ, ಮತ್ತೆ ಹಿಗ್ಗಲು ಬಿಟ್ಟರೆ ಅದು ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ನಮ್ಮ ಮನೆಯ ಫ್ರಿಜ್ಜಿನ ತತ್ವವೂ ಇದೇ.

ಮಧ್ಯದ ಗುಮ್ಮಟದ ಕೆಳಗಿರುವ ದೊಡ್ಡ ಮೆಟ್ಟಿಲನ್ನು ಕಂಡು ನಾನು ಅಲ್ಲೇ ನಿಂತುಬಿಟ್ಟೆ. ಮಧ್ಯದಲ್ಲಿ ಆಧಾರದ ಕಂಬವೇ ಇಲ್ಲದೆ ಅದು ಗಾಳಿಯಲ್ಲಿ ತೇಲಿದಂತೆ ಮೇಲೇರುತ್ತದೆ. ಇಂಥ ಮೆಟ್ಟಿಲುಗಳಲ್ಲಿ ಪ್ರತಿ ಮೆಟ್ಟಿಲಿನ ಒಂದು ತುದಿ ಗೋಡೆಯಲ್ಲಿ ಹೂತಿರುತ್ತದೆ, ಒಂದರ ಭಾರವನ್ನು ಕೆಳಗಿನದು ಹೊರುತ್ತದೆ. ಮೇಲೆ ನಡೆಯುವವನಿಗೆ ಹೊರುವವರು ಕಾಣುವುದಿಲ್ಲ. "ಹೋಟೆಲ್ ಕೆಲಸವೂ ಹಾಂಗೇ" ಎಂದರು ಅಪ್ಪಯ್ಯ.

ಜಮ್‌ಶೆಟ್‌ಜಿ ಅವರಿಗೂ ನಮ್ಮ ನಾಡಿಗೂ ಇರುವ ನಂಟನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನಲ್ಲಿ ಅವರು ರೇಷ್ಮೆಯ ಪ್ರಯೋಗ ನಡೆಸಿದ ಜಾಗ ಇಂದಿಗೂ ಟಾಟಾ ಸಿಲ್ಕ್ ಫಾರ್ಮ್ ಎಂದೇ ಹೆಸರಾಗಿದೆ. ಅವರು ಕನಸು ಕಂಡ ವಿಜ್ಞಾನ ಮಂದಿರಕ್ಕೆ ಮೈಸೂರು ಅರಸರು 371 ಎಕರೆ ಜಮೀನು ಕೊಟ್ಟರು. 1909ರಲ್ಲಿ ಸ್ಥಾಪನೆಯಾದ ಅದೇ ಸಂಸ್ಥೆಯನ್ನು ಹಳೆಯ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಅದನ್ನು ನೋಡಲು ಅವರು ಉಳಿಯಲಿಲ್ಲ, 1904ರಲ್ಲೇ ತೀರಿಕೊಂಡರು. ಹೋಟೆಲಾದರೂ ಅವರ ಕಣ್ಣೆದುರಿಗೇ ತೆರೆಯಿತು.

ಅಲ್ಲಿಂದ ಈಚೆಗೆ ಈ ಕಟ್ಟಡ ಕಂಡದ್ದು ಸುಖವನ್ನಷ್ಟೇ ಅಲ್ಲ. ಮೊದಲ ಮಹಾಯುದ್ಧದಲ್ಲಿ ಇದು 600 ಹಾಸಿಗೆಯ ಆಸ್ಪತ್ರೆಯಾಗಿತ್ತು. 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ನುಗ್ಗಿದಾಗ ಇಲ್ಲಿ 31 ಜನ ಸತ್ತರು. ಗುಮ್ಮಟದಿಂದ ಹೊಗೆ ಏಳುವುದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದವರೇ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೋರಾಡುತ್ತ ಪ್ರಾಣ ಕೊಟ್ಟದ್ದು ಈ ಗೋಡೆಗಳ ಒಳಗೇ. ಅತಿಥಿಗಳನ್ನು ಹಿಂದಿನ ದಾರಿಯಿಂದ ಹೊರಗೆ ಕಳಿಸುತ್ತಿದ್ದ ಅಡುಗೆಮನೆಯ ನೌಕರರು ಗುಂಡಿಗೆ ಬಲಿಯಾದರು. ಓಡಿಹೋಗುವ ದಾರಿ ಅತಿಥಿಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಸುಟ್ಟುಹೋಗಿದ್ದ ಹಳೆಯ ಭಾಗ ದುರಸ್ತಿಯಾಗಿ ಮತ್ತೆ ತೆರೆದದ್ದು 2010ರ ಆಗಸ್ಟ್ 15ರಂದು. ಸತ್ತ 31 ಜನರ ಹೆಸರುಗಳ ಸ್ಮಾರಕ ಹೋಟೆಲಿನೊಳಗಿದೆ. ಅಪ್ಪಯ್ಯ ಅದರ ಮುಂದೆ ಚಪ್ಪಲಿ ಕಳಚಿ ನಿಂತರು.

ಎಡಗೈಯ ಕಪ್ಪು

ಮೊದಲ ಮಹಡಿಯಲ್ಲಿ ಸಮುದ್ರಕ್ಕೆ ಮುಖ ಮಾಡಿದ ಸೀ ಲೌಂಜ್ ಎಂಬ ಜಾಗವಿದೆ. ಮುಂಬಯಿಯ ಅನುಕೂಲಸ್ಥರು ಹೆಣ್ಣು–ಗಂಡು ನೋಡುವ ಶಾಸ್ತ್ರಕ್ಕೂ ಇಲ್ಲಿಗೇ ಬರುತ್ತಾರಂತೆ. ನಾವು ಚಾ ಹೇಳಿದೆವು. ದರದ ಪಟ್ಟಿ ನೋಡಬಾರದೆಂದು ಮಗಳು ಹೇಳಿದ್ದರೂ ಕಣ್ಣು ಕೇಳಬೇಕಲ್ಲ! ಅಷ್ಟು ದುಡ್ಡಿಗೆ ನಮ್ಮ ಮನೆಯಲ್ಲಿ ತಿಂಗಳಿಡೀ ಚಾ ಕಾಯಿಸಬಹುದಿತ್ತು.

ಇಪ್ಪತ್ತೈದರ ಒಳಗಿನ ಹುಡುಗನೊಬ್ಬ ಬಂದು ಮೊದಲು ನೀರಿಟ್ಟ. ಅಪ್ಪಯ್ಯನ ಕಣ್ಣು ಅವನ ಬೆರಳ ಮೇಲೆ. ನಾಲ್ಕು ಬೆರಳನ್ನು ನಾಲ್ಕು ಲೋಟದೊಳಗೆ ಅದ್ದಿ ಒಂದೇ ಕೈಯಲ್ಲಿ ನೀರು ತರುವುದು ಆ ಕಾಲದ ಹೋಟೆಲುಗಳಲ್ಲಿ ಮಾಮೂಲು. ಅದಕ್ಕಾಗಿ ಧಣಿಯಿಂದ ಕೆನ್ನೆಗೆ ಏಟು ತಿಂದದ್ದನ್ನು ಅಪ್ಪಯ್ಯ ಇಂದಿಗೂ ಹೇಳುತ್ತಾರೆ. ಈ ಹುಡುಗನ ಬೆರಳು ಲೋಟದ ಬುಡ ಬಿಟ್ಟು ಮೇಲೆ ಬರಲಿಲ್ಲ.

ಅಪ್ಪಯ್ಯನ ಬಲಗೈ ಕೆಲವು ವರ್ಷಗಳಿಂದ ನಡುಗುತ್ತದೆ. ಅದನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ನೀರು ಕುಡಿದರು. ನೆಂಟರ ಮನೆಯಲ್ಲೂ ಯಾರಿಗೂ ತಿಳಿಯದಂತೆ ಅವರು ಮಾಡುವ ಉಪಾಯ ಇದು. ಸ್ವಲ್ಪ ಹೊತ್ತಿಗೆ ಹುಡುಗ ಚಾ ತಂದ. ನನ್ನ ಕಪ್ಪಿನ ಹಿಡಿ ನನ್ನ ಬಲಕ್ಕೆ ಬರುವಂತೆ ಇಟ್ಟ. ಅಪ್ಪಯ್ಯನ ಕಪ್ಪಿನ ಹಿಡಿಯನ್ನು ಎಡಕ್ಕೆ ತಿರುಗಿಸಿ ಇಟ್ಟ. ಚಾವನ್ನು ತುಳುಕದಂತೆ ಮುಕ್ಕಾಲು ಕಪ್ಪು ಮಾತ್ರ ಹೊಯ್ದ. ಏನೂ ಹೇಳಲಿಲ್ಲ, ಏನೂ ಕೇಳಲಿಲ್ಲ, ಅವರ ಕೈಯ ಕಡೆ ನೋಡಲೂ ಇಲ್ಲ. ಆ ಮೇಜಿಗೆ ಪಕ್ಕದ ಮೇಜಿಗಿಂತ ಹೆಚ್ಚು ಬಾರಿ ಬಂದು ಹೋದ, ಅಷ್ಟೆ.

ಅವನು ಅತ್ತ ಹೋದ ಮೇಲೆ ಅಪ್ಪಯ್ಯ ನನ್ನ ಕಡೆ ಬಾಗಿ, "ಕಂಡ್ಯಾ?" ಎಂದರು. "ಕಂಡೆ" ಎಂದೆ. "ಕಲ್ತ ಮಾಣಿ" ಎಂದರು. ಹದಿನೆಂಟು ವರ್ಷದ ಅನುಭವ ಕೊಟ್ಟ ಸರ್ಟಿಫಿಕೇಟು ಅದು. ಹೋಗುವಾಗ ತಮ್ಮ ಹಳೆಯ ಮುಂಬಯಿ ಹಿಂದಿಯಲ್ಲಿ ಆ ಹುಡುಗನಿಗೆ, "ನಾನೂ ಇದೇ ಕೆಲಸ ಮಾಡಿದವನು, ಇಲ್ಲೇ ಫೋರ್ಟಿನಲ್ಲಿ" ಎಂದು ಹೇಳಿದರು. ಹುಡುಗ ತಟ್ಟೆಯನ್ನು ಮೇಜಿನ ಮೇಲಿಟ್ಟು, ಬಗ್ಗಿ ಅವರ ಕಾಲು ಮುಟ್ಟಿದ. ಹೋಟೆಲಿನ ನಿಯಮಾವಳಿಯಲ್ಲಿ ಅದು ಇರಲಾರದು.

ದೀಪ ಹಚ್ಚು

ನಮ್ಮ ಕೋಣೆಯ ಕಿಟಕಿಗೆ ಗೇಟ್‌ವೇ ಕಾಣುತ್ತಿತ್ತು. ಊಟ ಮಾಡಿ ಬಂದ ಮೇಲೆ ನಾನು ದೀಪ ಆರಿಸಿ ಮಲಗಿದೆ. ಎಷ್ಟೋ ಹೊತ್ತಿಗೆ ಎಚ್ಚರವಾಗಿ ನೋಡಿದರೆ ಅಪ್ಪಯ್ಯ ಕತ್ತಲಲ್ಲಿ ಕಿಟಕಿಯ ಮುಂದೆ ನಿಂತಿದ್ದಾರೆ. ಕೆಳಗಿನ ಕಟ್ಟೆಯ ಹತ್ತಿರ ಇನ್ನೂ ಒಂದಷ್ಟು ಜನರಿದ್ದರು.

"ಅಷ್ಟ್ ವರ್ಷ ಅಲ್ಲಿ ಕೂತು ಕಂಡಿದೆ. ಈ ಕಿಟಕಿಗಳಲ್ಲಿ ಒಬ್ರೂ ಕಾಣ್ಲಿಲ್ಲ. ಒಳಗೆ ಯಾರೂ ಇಲ್ಯೋ ಏನೋ ಅಂದ್ಕಂಡಿದ್ದೆ" ಎಂದರು.

ನಾನು ಮೇಷ್ಟ್ರ ಚಟದಂತೆ ವಿವರಿಸಿದೆ. ಹಗಲು ಹೊರಗೆ ಬೆಳಕು ಹೆಚ್ಚು, ಒಳಗೆ ಕಡಿಮೆ. ಗಾಜಿನ ಮೇಲೆ ಬಿದ್ದು ತಿರುಗಿ ಬರುವ ಆಕಾಶದ ಬೆಳಕಿನ ಮುಂದೆ ಒಳಗಿನಿಂದ ಬರುವ ಮಂದ ಬೆಳಕು ಕಣ್ಣಿಗೆ ತೋರುವುದಿಲ್ಲ. ಒಳಗಿದ್ದವರಿಗೆ ಹೊರಗಿನವರು ಕಾಣುತ್ತಾರೆ, ಹೊರಗಿನವರಿಗೆ ಒಳಗಿದ್ದವರು ಕಾಣುವುದಿಲ್ಲ. ರಾತ್ರಿ ಒಳಗೆ ದೀಪ ಹಚ್ಚಿದರೆ ಇದು ತಿರುವುಮುರುವಾಗುತ್ತದೆ.

ಅಪ್ಪಯ್ಯ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, "ಹಾಂಗಾರೆ ದೀಪ ಹಚ್ಚು" ಎಂದರು.

ಎದ್ದು ದೀಪ ಹಚ್ಚಿದೆ. ಕಿಟಕಿಯ ಗಾಜಿನಲ್ಲಿ ಈಗ ನಮ್ಮ ಕೋಣೆಯೇ ಪ್ರತಿಬಿಂಬವಾಗಿ ತುಂಬಿತು. ಅವರಿಗೆ ಕಟ್ಟೆಯೂ ಕಾಣದು, ಸಮುದ್ರವೂ ಕಾಣದು. ಆದರೂ ಬಿಳಿ ಅಂಗಿಯ ಗುಂಡಿ ಹಾಕಿಕೊಂಡು, ಒಂದೈದು ನಿಮಿಷ ಅಲ್ಲೇ ನಿಂತಿದ್ದರು.

ಬೆಳಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪಯ್ಯ ಎರಡೂ ಹಾಸಿಗೆಗಳ ಚಾದರ ಎಳೆದು ಮಡಚಿ, ಟವೆಲುಗಳನ್ನು ಒಂದು ಕಡೆ ಒಟ್ಟಿ, ಮೇಜು ಒರೆಸುತ್ತಿದ್ದರು. "ಅಪ್ಪಯ್ಯ, ಅದನ್ನೆಲ್ಲ ಮಾಡಲು ಇಲ್ಲಿ ಜನ ಇದ್ದಾರೆ. ಅದಕ್ಕೇ ಅಲ್ಲವಾ ಅಷ್ಟು ದುಡ್ಡು ಕೊಟ್ಟದ್ದು?" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ಇದ್ದಾರೆ ಅಂತಲೇ ಮಾಡುದು" ಎಂದು ಒರೆಸುವುದನ್ನು ಮುಂದುವರಿಸಿದರು. ಚಕ್ಕುಲಿಯ ಡಬ್ಬಿಯಿಂದ ಅರ್ಧದಷ್ಟನ್ನು ಕಾಗದದಲ್ಲಿ ಕಟ್ಟಿ ಮೇಜಿನ ಮೇಲಿಟ್ಟರು. ಉಳಿದರ್ಧ ಮೊಮ್ಮಗಳಿಗೆ. ಆಮೇಲೆ ಬಾಗಿಲ ಹತ್ತಿರ ನಿಂತು ಒಮ್ಮೆ ಕೋಣೆಯ ನಾಲ್ಕೂ ಮೂಲೆ ನೋಡಿ, "ಹೋಪ" ಎಂದರು.